ಹೊಣೆಗಾರನಿಲ್ಲದ ಹೊಣೆ

ಕನ್ನಡದಲ್ಲಿ 'ಮುಳುಗು' ಎಂಬುದು ಅಕರ್ಮಕ ಧಾತು. 'ಮುಳುಗಿಸು' ಎಂಬುದು ಅದರ ಪ್ರೇರಣಾರ್ಥಕ ರೂಪ. ಮೊದಲನೆಯದರಲ್ಲಿ ಕೆಲಸ ತಾನಾಗಿ ನಡೆಯುತ್ತದೆ. ಎರಡನೆಯದರಲ್ಲಿ ಅದನ್ನು ಮಾಡಿದವನೊಬ್ಬ ಇರಲೇಬೇಕು. ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಜನರ ಬಾಯಲ್ಲಿಯೂ ಕಚೇರಿಗಳ ಕಡತಗಳಲ್ಲಿಯೂ ಆರು ದಶಕಗಳಿಂದ ಒಂದು ಪದ ನೆಲೆನಿಂತಿದೆ: 'ಮುಳುಗಡೆ'. ಊರು ಮುಳುಗಡೆಯಾಯಿತು, ಗದ್ದೆ ಮುಳುಗಡೆಯಾಯಿತು ಎನ್ನುತ್ತೇವೆ. ಮುಳುಗಿಸಿದವರು ಯಾರು ಎಂಬ ಪ್ರಶ್ನೆಗೆ ಆ ಪದದಲ್ಲಿ ಎಡೆಯಿಲ್ಲ. ವ್ಯಾಕರಣದಲ್ಲಿ ಹೀಗೆ ಮರೆಯಾದ ಕರ್ತೃ ಇತಿಹಾಸದಲ್ಲಿಯೂ ಹೇಗೆ ಮರೆಯಾದನೆಂಬುದನ್ನು ವಿಚಾರಿಸುವುದೇ ಈ ಭಾಷಣದ ಉದ್ದೇಶ.

ಶರಾವತಿ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರ ಸಾಗರಗಳನ್ನು ಹಾಯ್ದು, ಜೋಗದಲ್ಲಿ ಧುಮುಕಿ, ಹೊನ್ನಾವರದ ಬಳಿ ಸಮುದ್ರವನ್ನು ಸೇರುವ ನದಿ. 1948ರಲ್ಲಿ ಉತ್ಪಾದನೆ ಆರಂಭಿಸಿದ ಜೋಗದ ವಿದ್ಯುದಾಗಾರಕ್ಕೆ ನೀರೊದಗಿಸಲು ಹಿರೇಭಾಸ್ಕರ ಅಣೆಕಟ್ಟೆಯನ್ನು ಕಟ್ಟಿದರು. ಅದು ಮೊದಲ ಮುಳುಗಡೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಪೂರ್ಣಗೊಂಡಿತು. ಸಮುದ್ರಮಟ್ಟದಿಂದ 1819 ಅಡಿಯವರೆಗೆ ನೀರು ನಿಲ್ಲಿಸಿ, ಸುಮಾರು 151 ಟಿ.ಎಂ.ಸಿ. ಅಡಿ ನೀರನ್ನು ಹಿಡಿದಿಡುವ ಈ ಜಲಾಶಯದಲ್ಲಿ ಹಿರೇಭಾಸ್ಕರವೇ ಮುಳುಗಿತು. ಬೇಸಗೆಯಲ್ಲಿ ನೀರು ತೀರ ಇಳಿದಾಗ ಅದು ಇಂದಿಗೂ ತಲೆಯೆತ್ತಿ ನಿಲ್ಲುತ್ತದೆ. ನೋಡಲು ಹೋಗುವವರು ಅದರ ಶಿಲ್ಪಚಾತುರ್ಯವನ್ನು ಮೆಚ್ಚಿ ಬರುತ್ತಾರೆ. ಅದರ ಆಸುಪಾಸಿನ ಗದ್ದೆಯ ಬದುಗಳನ್ನು ಕಂಡವರು ಕಡಮೆ.

ಮುಳುಗಿದ ಕಣಿವೆಯಲ್ಲಿ ಗದ್ದೆ ಉಳುತ್ತಿದ್ದವರಲ್ಲಿ ಬಹುಮಂದಿ ಗೇಣಿದಾರರು. ಇದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರ ಏಪ್ರಿಲ್‌ನಲ್ಲಿ ಗೇಣಿ ಅಳೆಯುವ ಕೊಳಗದ ಗಾತ್ರದ ವಿಷಯವಾಗಿ ರೈತರು ಸತ್ಯಾಗ್ರಹ ಹೂಡಿದರು. ಎಚ್. ಗಣಪತಿಯಪ್ಪನವರು ಕಟ್ಟಿದ ರೈತಸಂಘ ಅದರ ಹಿಂದಿತ್ತು. ತೀರ್ಥಹಳ್ಳಿ ಸೀಮೆಯ ಶಾಂತವೇರಿ ಗೋಪಾಲಗೌಡರ ನೇತೃತ್ವ ಅದಕ್ಕೆ ದೊರೆಯಿತು. ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದರು. ಮರುವರ್ಷವೇ ಸಾಗರ-ಹೊಸನಗರ ಕ್ಷೇತ್ರ ಗೋಪಾಲಗೌಡರನ್ನು ವಿಧಾನಸಭೆಗೆ ಕಳುಹಿಸಿತು. ಆ ಹೋರಾಟದ ಫಲ 1974ರ ಮಾರ್ಚ್ 1ರಂದು, ದೇವರಾಜ ಅರಸರ ಕಾಲದಲ್ಲಿ, ಭೂಸುಧಾರಣೆಯ ತಿದ್ದುಪಡಿಯಾಗಿ ಜಾರಿಗೆ ಬಂದಿತು. ಗೇಣಿಗೆ ಉಳುತ್ತಿದ್ದವನು ಒಡೆಯನಾದ.

ಈ ಎರಡು ಇಸವಿಗಳನ್ನು ಜೊತೆಯಲ್ಲಿಟ್ಟು ನೋಡಬೇಕು. ನೀರು ಬಂದದ್ದು 1964ರಲ್ಲಿ. ಉಳುವವನಿಗೆ ಹಕ್ಕು ಬಂದದ್ದು 1974ರಲ್ಲಿ. ಹತ್ತು ವರ್ಷ ಮೊದಲೇ ಗದ್ದೆಯನ್ನು ಕಳೆದುಕೊಂಡ ಗೇಣಿದಾರನಿಗೆ, ಒಡೆಯನಾಗುವ ದಿನ ಬಂದಾಗ ಒಡೆತನಕ್ಕೆ ನೆಲವೇ ಇರಲಿಲ್ಲ. ಪರಿಹಾರದ ಹಣವಾದರೂ ಕಾಗದದಲ್ಲಿ ಹೆಸರಿದ್ದವರನ್ನು ಹುಡುಕಿಕೊಂಡು ಹೋಯಿತೇ ಹೊರತು ನೇಗಿಲು ಹಿಡಿದವರನ್ನಲ್ಲ. ಅವರಿಗೆ ದೊರೆತದ್ದು ಕಾಡಿನಲ್ಲೊಂದು ಜಾಗ. ಅದಕ್ಕೆ ಅಳತೆಯಾಗಲಿ ಪಹಣಿಯಾಗಲಿ ಸರಿಯಾಗಿ ಆಗಲಿಲ್ಲ. ಅರಣ್ಯ ಇಲಾಖೆಯ ಲೆಕ್ಕದಲ್ಲಿ ಅದು ಅರಣ್ಯವಾಗಿಯೇ ಉಳಿಯಿತು.

ಇನ್ನು ವಿದ್ಯುತ್ತಿನ ಕಡೆಯ ಲೆಕ್ಕ. ಅಣೆಕಟ್ಟೆಯನ್ನು ಕಟ್ಟಿದ್ದು ಸರ್ಕಾರ. ಉತ್ಪಾದನೆಯನ್ನು ನೋಡಿಕೊಳ್ಳಲೆಂದು 1970ರಲ್ಲಿ ಮೈಸೂರು ವಿದ್ಯುತ್ ನಿಗಮ ಸ್ಥಾಪಿತವಾಯಿತು. ಇಂದಿನ ಕರ್ನಾಟಕ ವಿದ್ಯುತ್ ನಿಗಮ ಅದೇ. ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳ ಸಾಮರ್ಥ್ಯ 1035 ಮೆಗಾವ್ಯಾಟ್. ನಾಡಿನ ಕಾರ್ಖಾನೆಗಳನ್ನು, ಬೆಂಗಳೂರಿನ ಬೀದಿಗಳನ್ನು ಬೆಳಗಿಸಿದ ಹಿರಿಮೆ ಅದಕ್ಕಿದೆ. ಅದನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ನಿಗಮ ಹುಟ್ಟಿದ್ದು ನೀರು ನಿಂತ ಆರು ವರ್ಷಗಳ ಮೇಲೆ ಎಂಬುದನ್ನು ಗಮನಿಸಬೇಕು. ಅಣೆಕಟ್ಟೆ ಅದರ ಆಸ್ತಿಯಾಯಿತು. ಎದ್ದುಹೋದ ಜನ ಅದರ ಋಣವಾಗಲಿಲ್ಲ. ಪುನರ್ವಸತಿ ಕಂದಾಯ ಇಲಾಖೆಯ ವಿಷಯ, ಜಾಗ ಅರಣ್ಯ ಇಲಾಖೆಯ ವಿಷಯ, ವಿದ್ಯುತ್ತು ನಿಗಮದ ವಿಷಯ. ಅಧಿಕಾರವೆಲ್ಲ ಒಂದೇ ಸರ್ಕಾರದ್ದು. ಹೊಣೆ ಮಾತ್ರ ಮೂರು ಪಾಲಾಯಿತು.

ಹೊರಗಿನ ಪ್ರಪಂಚದ ಒಂದೆರಡು ಸಂಗತಿಗಳನ್ನು ಇದರ ಪಕ್ಕದಲ್ಲಿಟ್ಟರೆ ವ್ಯತ್ಯಾಸ ತಿಳಿಯುತ್ತದೆ. 2010ರ ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯ ನಡುಗಡಲಲ್ಲಿ ಬಿ.ಪಿ. ಎಂಬ ತೈಲ ಕಂಪನಿಗಾಗಿ ಬಾವಿ ಕೊರೆಯುತ್ತಿದ್ದ ಸ್ಥಾವರ ಸಿಡಿಯಿತು. 11 ಮಂದಿ ಸತ್ತರು. 87 ದಿನ ಎಣ್ಣೆ ಕಡಲಿಗೆ ಹರಿಯಿತು. ಬಾವಿ ಇನ್ನೂ ಕಾರುತ್ತಿದ್ದಾಗಲೇ, ಜೂನ್ ತಿಂಗಳಲ್ಲಿ, ಅಧ್ಯಕ್ಷ ಒಬಾಮಾ ಅವರು ಕಂಪನಿಯ ಮುಖ್ಯಸ್ಥರನ್ನು ಶ್ವೇತಭವನಕ್ಕೆ ಕರೆಸಿದರು. ನಷ್ಟಕ್ಕೊಳಗಾದವರಿಗಾಗಿ 2000 ಕೋಟಿ ಡಾಲರುಗಳ ನಿಧಿಯನ್ನು ತೆಗೆದಿರಿಸಲು ಕಂಪನಿ ಒಪ್ಪಿತು. ನಮ್ಮ ನೆರೆಯ ಕೇರಳದ ಕಡಲಿನಲ್ಲಿ 2025ರ ಮೇ ತಿಂಗಳಲ್ಲಿ ಎಂ.ಎಸ್.ಸಿ. ಎಲ್ಸಾ-3 ಎಂಬ ಸರಕು ಹಡಗು ಮುಳುಗಿದಾಗ ಅಲ್ಲಿಯ ಸರ್ಕಾರ 9,531 ಕೋಟಿ ರೂಪಾಯಿ ಕೋರಿ ಹೈಕೋರ್ಟಿಗೆ ಹೋಯಿತು. ಅದೇ ಕಂಪನಿಯ ಮತ್ತೊಂದು ಹಡಗನ್ನು ತಡೆಹಿಡಿಯಲು ನ್ಯಾಯಾಲಯ ಆಜ್ಞೆ ಮಾಡಿತು. ಆ ಎರಡು ಕಡೆಯೂ ಎಲ್ಲರಿಗೂ ನ್ಯಾಯ ಸಂದಿತೆಂದು ನಾನು ಹೇಳುತ್ತಿಲ್ಲ. ಆದರೆ ಅಲ್ಲಿ ವಾದಿ ಯಾರು, ಪ್ರತಿವಾದಿ ಯಾರು ಎಂಬುದು ಸ್ಪಷ್ಟವಾಗಿತ್ತು. ಶರಾವತಿಯ ಕಣಿವೆಯಲ್ಲಿ ಭೂಮಿ ಪಡೆದದ್ದೂ ಸರ್ಕಾರ, ಅದರಿಂದ ಗಳಿಸಿದ್ದೂ ಸರ್ಕಾರದ ಸಂಸ್ಥೆ, ದೂರನ್ನು ಕೇಳಬೇಕಾದದ್ದೂ ಸರ್ಕಾರ.

ಕಾನೂನು ಆಮೇಲೆ ಒಂದರ ಮೇಲೊಂದರಂತೆ ಬಂದಿತು. 1980ರ ಅರಣ್ಯ ಸಂರಕ್ಷಣಾ ಕಾಯಿದೆಯಿಂದ, ಅರಣ್ಯವನ್ನು ಅನ್ಯ ಉದ್ದೇಶಕ್ಕೆ ಬಿಡಲು ಕೇಂದ್ರದ ಅನುಮತಿ ಅಗತ್ಯವಾಯಿತು. ಅದಕ್ಕೆ ಮೊದಲಿನ ಹದಿನಾರು ವರ್ಷಗಳಲ್ಲಿ ಒಂದು ಸಹಿಯಿಂದ ಮುಗಿಯಬಹುದಾಗಿದ್ದ ಕೆಲಸ ಅಂದಿನಿಂದ ದೆಹಲಿಯ ಬಾಗಿಲಿಗೆ ಬಿದ್ದಿತು. 2006ರ ಅರಣ್ಯಹಕ್ಕು ಕಾಯಿದೆ ಬುಡಕಟ್ಟಿನವರಲ್ಲದ ಅರಣ್ಯವಾಸಿಗಳಿಗೆ ವಿಧಿಸಿದ ಷರತ್ತನ್ನು ನೋಡಿ: 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಎಂದರೆ 75 ವರ್ಷ, ಕಾಡಿನಲ್ಲಿ ನೆಲಸಿರಬೇಕು. 75 ವರ್ಷ ಹಿಂದಕ್ಕೆ ಹೋದರೆ 1930. ಆಗ ಇವರ ಹಿರಿಯರು ಇದ್ದ ಮನೆಗಳು ಇಂದು ಜಲಾಶಯದ ತಳದಲ್ಲಿವೆ. ಕಾಡಿಗೆ ಕಳುಹಿಸಿದವರೇ, ನೀವು ಕಾಡಿಗೆ ತಡವಾಗಿ ಬಂದಿರಿ ಎಂದು ಹೇಳಿದಂತಾಯಿತು! ರಾಜ್ಯ ಸರ್ಕಾರ ಕೇಂದ್ರವನ್ನು ಕೇಳದೆ ಹೊರಡಿಸಿದ್ದ ಡಿನೋಟಿಫಿಕೇಷನ್ ಆದೇಶವೂ 2021ರಲ್ಲಿ ಹೈಕೋರ್ಟಿನಲ್ಲಿ ನಿಲ್ಲಲಿಲ್ಲ.

ನಾಯಕರಿಲ್ಲದ ನಾಡು ನಮ್ಮದು ಎಂದು ಯಾರೂ ಹೇಳಲಾರರು. ತೀರ್ಥಹಳ್ಳಿಯ ಕಡಿದಾಳ್ ಮಂಜಪ್ಪನವರು, ಸೊರಬದ ಬಂಗಾರಪ್ಪನವರು ಮುಖ್ಯಮಂತ್ರಿಗಳಾದರು. ಸಾಗರದ ಕಾಗೋಡು ತಿಮ್ಮಪ್ಪನವರು ಕಂದಾಯ ಮಂತ್ರಿಗಳಾದರು. ಗೇಣಿಯ ಪ್ರಶ್ನೆಯಲ್ಲಿ ಗೆದ್ದ ಈ ಸೀಮೆಯ ರಾಜಕೀಯ ಮುಳುಗಡೆಯ ಪ್ರಶ್ನೆಯಲ್ಲಿ ಏಕೆ ಸೋತಿತು? ನನಗೆ ತೋರುವ ಉತ್ತರ ಇದು: ಭೂಮಾಲೀಕನಿಗೆ ಮುಖವಿತ್ತು, ಅವನ ಕೈಯಲ್ಲಿ ಕೊಳಗವಿತ್ತು. ಕೊಳಗ ದೊಡ್ಡದೆಂದು ಅಳೆದು ತೋರಿಸಬಹುದಾಗಿತ್ತು. ಯೋಜನೆಗೆ ಮುಖವಿಲ್ಲ, ಅದು ನಾಡಿನ ಏಳಿಗೆಯ ಹೆಸರಿನಲ್ಲಿ ಬಂದಿತು. ಅದನ್ನು ಪ್ರಶ್ನಿಸುವುದೆಂದರೆ ಬೆಳಕನ್ನೇ ಪ್ರಶ್ನಿಸಿದಂತೆ ಎಂಬ ಭಾವನೆ ಆಳುವವರಲ್ಲಿದ್ದಂತೆ ಹೋರಾಟಗಾರರಲ್ಲಿಯೂ ಇದ್ದಿತು.

ರಾಜಕೀಯ ಹೇಳದುದನ್ನು ಸಾಹಿತ್ಯ ಹೇಳಿತು. ಶರಾವತಿ ಯೋಜನೆಯ ಕಚೇರಿಯಲ್ಲಿಯೇ ಕೆಲಸದಲ್ಲಿದ್ದ ನಾ. ಡಿಸೋಜ ಅವರು 'ಮುಳುಗಡೆ', 'ದ್ವೀಪ' ಕಾದಂಬರಿಗಳನ್ನು ಬರೆದರು. 2025ರ ಜನವರಿಯಲ್ಲಿ ಅವರು ತೀರಿಕೊಂಡರು. ಹಿನ್ನೀರಿನಾಚೆಯ ತುಮರಿ ಸೀಮೆಯಿಂದ ಲಾಂಚಿನಲ್ಲಿ ದಾಟಿ ಬರುತ್ತಿದ್ದ ವಿದ್ಯಾರ್ಥಿಗಳಿಗೆ ನಾನು ಈ ಕಾದಂಬರಿಗಳನ್ನು ಪಾಠ ಹೇಳಿದ್ದುಂಟು. ಅವರಿಗೆ ಕಥೆಯನ್ನು ವಿವರಿಸಬೇಕಾಗಿರಲಿಲ್ಲ. ಅವರು ಕೇಳುತ್ತಿದ್ದ ಪ್ರಶ್ನೆ ಒಂದೇ: ಇಷ್ಟೆಲ್ಲ ಬರೆದ ಮೇಲೂ ನಮ್ಮ ಮನೆಗೆ ಹಕ್ಕುಪತ್ರ ಏಕಿಲ್ಲ, ಸಾರ್?

ಅದೇ ಅಂಬಾರಗೋಡ್ಲು-ಕಳಸವಳ್ಳಿಯ ನಡುವೆ ಎರಡು ಕಿಲೋಮೀಟರಿಗೂ ಮೀರಿದ ಸೇತುವೆ 2025ರ ಜುಲೈನಲ್ಲಿ ತೆರೆಯಿತು. ನೀರು ನಿಂತ ಅರವತ್ತೊಂದು ವರ್ಷಗಳ ಮೇಲೆ. ಸಂತೋಷದ ಸಂಗತಿಯೇ. ಆದರೆ ಸೇತುವೆ ಹೊಸ ಸೌಲಭ್ಯ. ಹಕ್ಕುಪತ್ರ ಹಳೆಯ ಸಾಲ. ಒಂದನ್ನು ಕೊಟ್ಟು ಇನ್ನೊಂದನ್ನು ತೀರಿಸಿದೆವೆಂದು ತಿಳಿಯಬಾರದು.

ಹಳಗನ್ನಡದಲ್ಲಿ 'ಹೊಣೆ' ಎಂದರೆ ಜಾಮೀನು. ಒಬ್ಬನ ಮಾತಿಗೆ ಇನ್ನೊಬ್ಬ ತನ್ನನ್ನೇ ಒತ್ತೆಯಿಡುವುದು. ಕಡತಗಳು ನಮ್ಮ ಜನರನ್ನು 'ಸಂತ್ರಸ್ತರು' ಎನ್ನುತ್ತವೆ. ಆ ಪದಕ್ಕೆ ಭಯಗೊಂಡವರು ಎಂಬುದು ಮೂಲಾರ್ಥ. ಅದು ಕರುಣೆಯನ್ನು ಬೇಡುತ್ತದೆ. ಇವರು ಭಯಗೊಂಡವರಲ್ಲ, ಸಾಲ ಕೊಟ್ಟವರು. ಸಾಲಿಗನಿಗೆ ಬೇಕಾದದ್ದು ಕರುಣೆಯಲ್ಲ, ಸಾಲಗಾರನ ಹೆಸರು. ವಿದ್ಯುತ್ತಿನ ಆದಾಯ ಯಾವ ಪುಸ್ತಕದಲ್ಲಿ ಜಮೆಯಾಗುತ್ತದೆಯೋ ಅದೇ ಪುಸ್ತಕದ ಎದುರು ಪುಟದಲ್ಲಿ ಈ ಋಣವೂ ದಾಖಲಾಗಬೇಕು. ಅಂದು 'ಮುಳುಗಡೆ' ಎಂಬ ಪದಕ್ಕೆ ಅದು ಕಳೆದುಕೊಂಡಿದ್ದ ಕರ್ತೃಪದ ಮರಳಿ ದೊರೆಯುತ್ತದೆ.