ಇರುಳಿಡೀ ಹಾಡಿಗೆ ಅರ್ಧ ಗಂಟೆಯ ಅವಧಿ: ಮಳವಳ್ಳಿ ಸೀಮೆಯ ಕಲೆಗಳು ಮತ್ತು ಸಾರ್ವಜನಿಕ ಪ್ರಸಾರದ ನಿರ್ಮಾಪಕರು

ದಕ್ಷಿಣ ಕರ್ನಾಟಕದ ಮೌಖಿಕ ಕಾವ್ಯಗಳ ಭೂಪಟದಲ್ಲಿ ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿಗೆ ವಿಶೇಷವಾದ ಸ್ಥಾನವಿದೆ. ಮಂಟೇಸ್ವಾಮಿ ಪರಂಪರೆಯ ಪ್ರಮುಖ ಗದ್ದುಗೆಗಳಲ್ಲಿ ಒಂದಾದ ಬೊಪ್ಪೇಗೌಡನಪುರ, ಅಂದರೆ ಇಂದಿನ ಬಿ.ಜಿ.ಪುರ, ಇರುವುದು ಈ ತಾಲ್ಲೂಕಿನಲ್ಲಿ. ಮಂಟೇಸ್ವಾಮಿ ಕಾವ್ಯದಲ್ಲಿ ಆತನ ಶಿಷ್ಯ ಸಿದ್ಧಪ್ಪಾಜಿಯು ಕಬ್ಬಿಣದ ಭಿಕ್ಷೆ ಬೇಡುತ್ತ ಕಮ್ಮಾರರಾದ ಪಾಂಚಾಳರ ಎದುರು ನಿಲ್ಲುವ ಹಲಗೂರು ಇದೇ ತಾಲ್ಲೂಕಿನ ಹೋಬಳಿ ಕೇಂದ್ರ. ಆತ ಕೆಂಪಾಚಾರಿ ಎಂಬ ಬಾಲಕನಾಗಿ ಹುಟ್ಟಿದನೆಂದು ಕಾವ್ಯ ಹೇಳುವ ನಿಡಘಟ್ಟ ಪಕ್ಕದ ಮದ್ದೂರು ತಾಲ್ಲೂಕಿಗೆ ಸೇರಿದ್ದು. ಹೀಗಾಗಿ ಇಲ್ಲಿನ ಕೇಳುಗರಿಗೆ ಆ ಕಾವ್ಯವು ದೂರದ ಪುರಾಣವಾಗಿರದೆ, ತಾವು ದಿನವೂ ನಡೆದಾಡುವ ದಾರಿಗಳ ಕಥೆಯಾಗಿತ್ತು. ಈ ಕಾವ್ಯವನ್ನು ವಂಶಪಾರಂಪರ್ಯವಾಗಿ ಹಾಡುತ್ತ ಬಂದವರು ನೀಲಗಾರರು. ದೀಕ್ಷೆ ಪಡೆದು ಧರೆಗೆ ದೊಡ್ಡವರ, ಅಂದರೆ ಮಂಟೇಸ್ವಾಮಿಯ, ಒಕ್ಕಲಾಗಿ ಬಾಳುವ ಈ ಗಾಯಕರಲ್ಲಿ ಬಹುಪಾಲು ಜನ ದಲಿತ ಸಮುದಾಯದವರು. ಮುಖ್ಯ ಗಾಯಕ ತಂಬೂರಿ ಮೀಟುತ್ತ ಗಗ್ಗರ ನುಡಿಸಿದರೆ, ಹಿಮ್ಮೇಳದವರು ಡಕ್ಕೆ ಮತ್ತು ತಾಳಗಳೊಂದಿಗೆ ಸೊಲ್ಲು ಸೇರಿಸುತ್ತಾರೆ. ಹಾಡು ಮತ್ತು ಮಾತು ಒಂದರೊಳಗೊಂದು ಹೆಣೆದುಕೊಂಡು ಕಥೆ ಮುಂದೆ ಸಾಗುತ್ತದೆ.

ಈ ಕಾವ್ಯದ ಒಂದೊಂದು ಘಟ್ಟವನ್ನೂ ‘ಸಾಲು’ ಎಂದು ಕರೆಯುವುದು ರೂಢಿ. ಕಲ್ಯಾಣದ ಸಾಲು, ಕೆಂಪಾಚಾರಿ ಸಾಲು, ಹಲಗೂರು ಸಾಲು ಎಂಬ ಹೆಸರುಗಳು ಹೀಗೆ ಬಂದವು. ಒಂದು ಸಾಲನ್ನು ಹಾಡಿ ಮುಗಿಸಲು ಎಷ್ಟೋ ವೇಳೆ ಒಂದಿಡೀ ಇರುಳು ಹಿಡಿಯುತ್ತದೆ. ಕಾವೇರಿಯಾಚೆಯ ಚಿಕ್ಕಲ್ಲೂರಿನ ಜಾತ್ರೆಯಲ್ಲಾಗಲಿ, ಶಿವರಾತ್ರಿಯ ಹೊತ್ತಿನ ಕಪ್ಪಡಿ ಜಾತ್ರೆಯಲ್ಲಾಗಲಿ, ಹರಕೆ ಹೊತ್ತ ಮನೆಯ ಜಗಲಿಯಲ್ಲಾಗಲಿ, ಕಥೆಯ ಅಳತೆಯನ್ನು ನಿರ್ಧರಿಸುತ್ತಿದ್ದವರು ಕೇಳುಗರು ಮತ್ತು ಹಾಡುಗಾರರೇ. ಅಳುವ ಕಡೆ ಕಥೆ ಹಿಗ್ಗುತ್ತಿತ್ತು, ಎಲ್ಲರಿಗೂ ತಿಳಿದ ಕಡೆ ಕುಗ್ಗುತ್ತಿತ್ತು. ಇಂತಹ ಕಲೆಗೆ ಗಡಿಯಾರವನ್ನು ತಂದವರು ಸಾರ್ವಜನಿಕ ಪ್ರಸಾರ ಸಂಸ್ಥೆಗಳ ಕಾರ್ಯಕ್ರಮ ನಿರ್ಮಾಪಕರು. ಕಲಾವಿದರನ್ನು ಆರಿಸುವುದು, ವಸ್ತುವನ್ನು ಗೊತ್ತುಪಡಿಸುವುದು, ಅವಧಿಗೆ ಒಗ್ಗಿಸುವುದು, ಧ್ವನಿಮುದ್ರಣ ಅಥವಾ ಚಿತ್ರೀಕರಣವನ್ನು ನಡೆಸಿ ಪ್ರಸಾರಕ್ಕೆ ಸಿದ್ಧಪಡಿಸುವುದು, ಇವಿಷ್ಟೂ ಅವರ ಹೊಣೆಯಾಗಿದ್ದವು. ಜಾನಪದ ಅಧ್ಯಯನದ ಇತಿಹಾಸದಲ್ಲಿ ಸಂಗ್ರಾಹಕರಿಗೆ ಹಾಗೂ ಸಂಪಾದಕರಿಗೆ ಸಿಕ್ಕಿರುವ ಗೌರವ ಈ ನಿರ್ಮಾಪಕರಿಗೆ ಸಿಕ್ಕಿಲ್ಲ. ಆದರೆ ಕಳೆದ ಶತಮಾನದ ಉತ್ತರಾರ್ಧದಲ್ಲಿ ನಾಡಿನ ಬಹುಪಾಲು ಜನ ಈ ಕಲೆಗಳನ್ನು ಮೊದಲು ಅರಿತದ್ದು ಅವರ ಆಯ್ಕೆಯ ಮೂಲಕವೇ.

ಈ ವೃತ್ತಿಯ ಬೇರು ಮೈಸೂರಿನಲ್ಲಿದೆ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಸಣ್ಣ ಪ್ರೇಷಕ ಯಂತ್ರದ ನೆರವಿನಿಂದ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಅದು ಮುಂದೆ ಮೈಸೂರು ಸಂಸ್ಥಾನದ ಸುಪರ್ದಿಗೆ ಬಂದು, 1955ರಲ್ಲಿ ಬೆಂಗಳೂರಿನ ಆಕಾಶವಾಣಿ ಕೇಂದ್ರವಾಗಿ ನೆಲೆಗೊಂಡಿತು. ಆ ಹೊತ್ತಿಗೆ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವರಾಗಿದ್ದ ಬಿ.ವಿ. ಕೇಸ್ಕರ್ ಅವರು ಸಾಹಿತಿಗಳನ್ನೂ ಸಂಗೀತಗಾರರನ್ನೂ ನಿರ್ಮಾಪಕರನ್ನಾಗಿ ಆಕಾಶವಾಣಿಗೆ ಕರೆತರುವ ನೀತಿಯನ್ನು ಜಾರಿಗೆ ತಂದಿದ್ದರು. ಆಡಳಿತಗಾರನ ಕೈಯಲ್ಲಿದ್ದ ಆಯ್ಕೆಯ ಅಧಿಕಾರವನ್ನು ಕಲೆ ಬಲ್ಲವನಿಗೆ ಒಪ್ಪಿಸುವುದು ಅದರ ಉದ್ದೇಶವಾಗಿತ್ತು. ಮೈಸೂರು ಶೈಲಿಯ ವೀಣೆಯ ಮೇರು ವಿದ್ವಾಂಸರಾದ ವಿ. ದೊರೆಸ್ವಾಮಿ ಅಯ್ಯಂಗಾರ್ಯರು ಬೆಂಗಳೂರು ಕೇಂದ್ರದ ಸಂಗೀತ ನಿರ್ಮಾಪಕರಾಗಿ ದುಡಿದದ್ದು ಈ ನೀತಿಯ ಅತ್ಯುತ್ತಮ ಫಲಗಳಲ್ಲಿ ಒಂದು. ಇದೇ ಕಾಲದಲ್ಲಿ ಧ್ವನಿಪರೀಕ್ಷೆ ನಡೆಸಿ ಕಲಾವಿದರನ್ನು ‘ಬಿ’, ‘ಬಿ-ಹೈ’, ‘ಎ’ ಎಂಬ ದರ್ಜೆಗಳಿಗೆ ಸೇರಿಸುವ ಪದ್ಧತಿಯೂ ಬಲಗೊಂಡಿತು. ಶಾಸ್ತ್ರೀಯ ಸಂಗೀತಕ್ಕೆ ಒಗ್ಗಿದ ಈ ಅಳತೆಗೋಲು ನೀಲಗಾರನ ಮುಂದೆ ಸೋಲುವುದು ಸಹಜ: ಅವನ ಸಾಮರ್ಥ್ಯವಿರುವುದು ನೆನಪಿನ ವಿಸ್ತಾರದಲ್ಲಿ ಮತ್ತು ಕಥೆಯನ್ನು ಹಿಗ್ಗಿಸುವ ಚಾತುರ್ಯದಲ್ಲಿ, ಕೆಲವು ನಿಮಿಷಗಳ ಪರೀಕ್ಷೆಗೆ ಅವು ಯಾವುವೂ ಕಾಣಸಿಗುವುದಿಲ್ಲ.

ಹಾಗಿದ್ದರೂ ಬಾನುಲಿಯು ನೀಲಗಾರರ ಕಲೆಗೆ ಮೂಲತಃ ಹೊಂದುವ ಮಾಧ್ಯಮವಾಗಿತ್ತು, ಏಕೆಂದರೆ ಆ ಕಲೆ ಕಿವಿಗೆ ಸೇರಿದ್ದು; ಕುಳಿತಲ್ಲಿಂದ ಕದಲದ ಗಾಯಕನ ದನಿಯೇ ಅಲ್ಲಿ ಊರು, ಕಾಡು, ಹೊಳೆಗಳನ್ನೆಲ್ಲ ಕಟ್ಟುತ್ತದೆ. ಬೆಂಗಳೂರು ಮತ್ತು ಮೈಸೂರು ಆಕಾಶವಾಣಿಗಳೆರಡರ ದನಿಯೂ ಮಳವಳ್ಳಿಗೆ ತಲಪುತ್ತಿದ್ದುದರಿಂದ, ಹಾಡುವವರ ಊರಿನಲ್ಲೇ ಆ ಹಾಡನ್ನು ಮತ್ತೆ ಕೇಳಿ ತೂಗಿ ನೋಡುವ ಪರಿಣತ ಶ್ರೋತೃವರ್ಗವೂ ಇತ್ತು.

ದೂರದರ್ಶನದ ಬರವು ತಡವಾಯಿತು. 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಆರಂಭವಾದ ಈ ಸೇವೆ ಮೊದಲು ಆಕಾಶವಾಣಿಯ ಅಂಗವಾಗಿದ್ದು, 1976ರಲ್ಲಿ ಪ್ರತ್ಯೇಕ ಸಂಸ್ಥೆಯಾಯಿತು. 1975–76ರಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ಶಿಕ್ಷಣ ಕಾರ್ಯಕ್ರಮಗಳನ್ನು ತಲಪಿಸಿದ ‘ಸೈಟ್’ ಪ್ರಯೋಗವು ಕರ್ನಾಟಕದಲ್ಲಿ ಉತ್ತರದ ಜಿಲ್ಲೆಗಳಿಗೆ ಸೀಮಿತವಾಗಿತ್ತು; ಹಳೇ ಮೈಸೂರಿನ ಸೀಮೆಗೆ ಕನ್ನಡದ ಕಿರುತೆರೆ ಬಂದದ್ದು 1980ರ ದಶಕದಲ್ಲಿ, ಬೆಂಗಳೂರು ದೂರದರ್ಶನ ಕೇಂದ್ರದ ಮೂಲಕ. 

ದೂರದರ್ಶನದ ನಿರ್ಮಾಪಕರ ವೃತ್ತಿಜೀವನ ಬಾನುಲಿಯವರದಕ್ಕಿಂತ ಕಠಿಣವಾಗಿತ್ತು. ಪುಣೆಯ ಫಿಲ್ಮ್ ಮತ್ತು ಟೆಲಿವಿಷನ್ ಸಂಸ್ಥೆಯಲ್ಲಿ ತರಬೇತಿ ಪಡೆದು ಬಂದವರು ಸ್ಟುಡಿಯೊ, ಬೆಳಕು, ಮೂರು ನಾಲ್ಕು ಕ್ಯಾಮೆರಾಗಳು, ಸಂಕಲನ ಕೊಠಡಿಯ ಸರದಿ, ಹೊರಾಂಗಣಕ್ಕೆ ವಾಹನದ ಮಂಜೂರಾತಿ, ಇವೆಲ್ಲವನ್ನೂ ಸರಿತೂಗಿಸಬೇಕಿತ್ತು; ಸಂಜೆಯ ಹೆಚ್ಚಿನ ಹೊತ್ತು ದೆಹಲಿಯ ರಾಷ್ಟ್ರೀಯ ಕಾರ್ಯಕ್ರಮಗಳಿಗೆ ಮೀಸಲಾಗಿದ್ದ ಕಾಲದಲ್ಲಿ ಉಳಿದ ಅಲ್ಪ ಅವಧಿಯಲ್ಲಿ ಕೃಷಿ, ನಾಟಕ, ಸುಗಮ ಸಂಗೀತ, ಜಾನಪದಗಳೆಲ್ಲ ಪಾಲು ಕೇಳುತ್ತಿದ್ದವು. ಇದರ ಮೇಲೆ ವರ್ಗಾವಣೆಯ ಪದ್ಧತಿ. ಒಂದು ಸೀಮೆಯ ಕಲಾವಿದರ ಪರಿಚಯ ಬೆಳೆದು, ಯಾರ ಬಾಯಲ್ಲಿ ಯಾವ ಸಾಲು ಪೂರ್ಣವಾಗಿದೆ ಎಂದು ತಿಳಿಯುವ ಹೊತ್ತಿಗೆ ನಿರ್ಮಾಪಕರು ಬೇರೆ ಕೇಂದ್ರಕ್ಕೆ ಹೋಗುತ್ತಿದ್ದರು, ಆ ತಿಳಿವಳಿಕೆ ಕಡತಕ್ಕೆ ಏರದೆ ಅವರೊಂದಿಗೇ ಹೋಗುತ್ತಿತ್ತು.

ಕ್ಯಾಮೆರಾದ ಒಲವು ಕಲೆಗಳ ನಡುವೆ ಹೊಸ ತಾರತಮ್ಯವನ್ನು ಹುಟ್ಟಿಸಿತು. ಮಲೆಮಹದೇಶ್ವರನ ಒಕ್ಕಲಾದ ದೇವರಗುಡ್ಡರು ಕಂಚಿನ ತಾಳಗಳನ್ನು ಬೀಸುತ್ತ ಕುಣಿಯುವ ಬೀಸು ಕಂಸಾಳೆ, ದೇವಿಯ ಮುಖವನ್ನು ಹೊತ್ತ ಅಲಂಕೃತ ಚೌಕಟ್ಟನ್ನು ತಲೆಯ ಮೇಲೆ ನಿಲ್ಲಿಸಿ ಕುಣಿಯುವ ಪೂಜಾ ಕುಣಿತ, ಬಣ್ಣದ ಬಟ್ಟೆ ಸುತ್ತಿದ ಉದ್ದನೆಯ ಬಿದಿರನ್ನು ಎತ್ತಿ ಆಡಿಸುವ ಪಟ ಕುಣಿತ, ಇವು ಐದು ನಿಮಿಷದಲ್ಲೂ ಕಣ್ಣು ತುಂಬುತ್ತವೆ. ಕುಳಿತು ಹಾಡುವ ನೀಲಗಾರನಿಗೆ ಈ ಅನುಕೂಲವಿಲ್ಲ. ಕಂಸಾಳೆಯಲ್ಲಿಯೂ ಕಥನಕ್ಕೆ ಮೀಸಲಾದ ಕುಳಿತು ಹಾಡುವ ಪ್ರಕಾರ ಹಿಂದೆ ಸರಿದು, ಬೀಸುವ ಪ್ರಕಾರವೇ ಕಂಸಾಳೆಯೆಂಬ ಭಾವನೆ ನಗರಗಳಲ್ಲಿ ಬೇರೂರಲು ಮೆರವಣಿಗೆ, ಉತ್ಸವಗಳ ಜೊತೆಗೆ ಕಿರುತೆರೆಯೂ ಕಾರಣವೆಂದು ಹೇಳಬೇಕಾಗುತ್ತದೆ. ಸ್ಟುಡಿಯೊಗೆ ಬಂದ ಹಾಡುಗಾರನ ಎದುರಿಗೆ ಪರಂಪರೆಯ ಲೋಹದ ಲಾಂಛನವಾದ ಕಂಡಾಯದ ಪೂಜೆಯೂ ಇರಲಿಲ್ಲ, ಹರಕೆ ಹೊತ್ತ ಮನೆಯವರೂ ಇರಲಿಲ್ಲ. ಕಥೆಯನ್ನು ಎಲ್ಲಿ ಹಿಗ್ಗಿಸಬೇಕೆಂದು ಮುಖಭಾವದಿಂದ ತಿಳಿಸುವ ಒಬ್ಬ ಕೇಳುಗನೂ ಇರಲಿಲ್ಲ. ಇದರ ಹೊಣೆಯನ್ನೆಲ್ಲ ನಿರ್ಮಾಪಕರ ಮೇಲೆ ಹೊರಿಸುವುದು ಅನ್ಯಾಯ. ದೊಡ್ಡ ಸಾಲಿನಿಂದ ಒಂದು ಸನ್ನಿವೇಶವನ್ನು ಕಡಿದು, ಅದಕ್ಕೊಂದು ಆದಿ ಅಂತ್ಯಗಳನ್ನು ಕೊಟ್ಟು, ಆ ಕಥೆಯನ್ನೇ ಅರಿಯದ ನೋಡುಗನಿಗೂ ತಲಪುವಂತೆ ಮಾಡುವುದು ಸೂಕ್ಷ್ಮವಾದ ಸಂಪಾದನ ಕಾರ್ಯ. ಅದನ್ನು ಶ್ರದ್ಧೆಯಿಂದ ಮಾಡಿದವರು ಕವಿತೆಯ ಸಂಪಾದಕರಷ್ಟೇ ಮನ್ನಣೆಗೆ ಅರ್ಹರು.

ಅಖಿಲ ಭಾರತ ಮಟ್ಟದಲ್ಲಿ ಈ ವೃತ್ತಿಯ ಘನತೆಯನ್ನು ತೋರಿಸಿಕೊಟ್ಟವರಲ್ಲಿ ದೆಹಲಿ ದೂರದರ್ಶನದ ಕಮಲಿನಿ ದತ್ ಮುಖ್ಯರು. ಸ್ವತಃ ಭರತನಾಟ್ಯ ಕಲಾವಿದೆಯಾಗಿದ್ದ ಅವರು ನಿರ್ಮಾಪಕಿಯಾಗಿ ದೇಶದ ಹಿರಿಯ ನರ್ತಕರನ್ನು ಚಿತ್ರೀಕರಿಸಿದ್ದಲ್ಲದೆ, ಮುಂದೆ ದೂರದರ್ಶನದ ಸಂಗ್ರಹಾಗಾರದ ಹೊಣೆ ಹೊತ್ತು ಹಳೆಯ ಟೇಪುಗಳನ್ನು ಡಿಜಿಟಲ್ ರೂಪಕ್ಕೆ ತರುವ ಕೆಲಸದ ನೇತೃತ್ವ ವಹಿಸಿದರು. ಅದರ ತುರ್ತು ದೊಡ್ಡದಿತ್ತು. ಟೇಪುಗಳ ಬೆಲೆ ಮತ್ತು ಕೊರತೆಯಿಂದಾಗಿ ಪ್ರಸಾರವಾದ ಕಾರ್ಯಕ್ರಮವನ್ನು ಅಳಿಸಿ, ಅದೇ ಟೇಪಿನ ಮೇಲೆ ಇನ್ನೊಂದನ್ನು ಮುದ್ರಿಸುವುದು ದೂರದರ್ಶನದಲ್ಲಿ ವಾಡಿಕೆಯಾಗಿತ್ತು. ಹಾಗೆ ಅಳಿಯದೆ ಉಳಿದು ಹೊರಬಂದವುಗಳಲ್ಲಿಯೂ ಶಾಸ್ತ್ರೀಯ ಸಂಗೀತ, ನೃತ್ಯಗಳದೇ ಮೇಲುಗೈ.

ಕರ್ನಾಟಕದಲ್ಲಿ 1990ರ ದಶಕದಲ್ಲಿ ಬೆಂಗಳೂರು ಕೇಂದ್ರಕ್ಕೆ ಉಪಗ್ರಹ ವಾಹಿನಿ ದೊರೆತು, ಅದೇ ಮುಂದೆ ‘ಚಂದನ’ ಎಂಬ ಹೆಸರು ಪಡೆದಾಗ, ನಿರ್ಮಾಪಕರ ಕೈಗೆ ಮೊದಲ ಬಾರಿಗೆ ಸಮಯದ ಸಮೃದ್ಧಿ ಬಂತು. ದೂರದರ್ಶನದ ಮಹೇಶ ಜೋಶಿಯವರ ಹೆಸರಿನೊಂದಿಗೆ ಗುರುತಾದ ‘ಮಧುರ ಮಧುರವೀ ಮಂಜುಳಗಾನ’ದಂತಹ ಕಾರ್ಯಕ್ರಮಗಳು ಸ್ಟುಡಿಯೊ ಬಿಟ್ಟು ಊರೂರಿನ ವೇದಿಕೆಗೆ ಹೋದವು, ಅಲ್ಲಿ ಸುಗಮ ಸಂಗೀತಕ್ಕೆ ಸಿಕ್ಕ ಅವಕಾಶ ಕಥನ ಪರಂಪರೆಗೆ ಅದೇ ಪ್ರಮಾಣದಲ್ಲಿ ಸಿಗಲಿಲ್ಲ. ಅಷ್ಟರಲ್ಲಿ ಧ್ವನಿಸುರುಳಿಯ ಮಾರುಕಟ್ಟೆ ಆ ಜಾಗವನ್ನು ತುಂಬಿತ್ತು: ಗಾಯಕ ಮಳವಳ್ಳಿ ಮಹದೇವಸ್ವಾಮಿಯವರ ದನಿಯಲ್ಲಿ ಮಾದಪ್ಪನ, ಅಂದರೆ ಮಲೆಮಹದೇಶ್ವರನ, ಕಥೆಯೂ ಸಿದ್ಧಪ್ಪಾಜಿಯ ಕಥೆಯೂ ಬಸ್ಸು, ಹೋಟೆಲು, ಜಾತ್ರೆಯ ಅಂಗಡಿಗಳಲ್ಲಿ ಮೊಳಗಿದವು. ವಿದ್ವತ್ತಿನ ಕಡೆಯಿಂದ ನಾಗಮಂಗಲ ಸೀಮೆಯವರಾದ ಜೀ.ಶಂ. ಪರಮಶಿವಯ್ಯನವರು ಸಂಗ್ರಹಕ್ಕೆ ದಾರಿ ಹಾಕಿಕೊಟ್ಟಿದ್ದರು. ಅದೇ ಸೀಮೆಯ ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿ ಕಲಾವಿದರ ದನಿ ಮತ್ತು ಚಿತ್ರಗಳನ್ನು ಕೂಡಿಟ್ಟರು, 1997ರಲ್ಲಿ ಹಿ.ಚಿ. ಬೋರಲಿಂಗಯ್ಯನವರ ಸಂಪಾದನೆಯಲ್ಲಿ ‘ಮಂಟೇಸ್ವಾಮಿ ಮಹಾಕಾವ್ಯ’ವು ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಹೊರಬಂತು.

ಪಠ್ಯ ಹೀಗೆ ಉಳಿಯಿತು. ದನಿಗಳ ಲೆಕ್ಕ ಇನ್ನೂ ಆಗಬೇಕಾಗಿದೆ. ಆಕಾಶವಾಣಿ ಮತ್ತು ದೂರದರ್ಶನಗಳಲ್ಲಿ ಉಳಿದಿರುವ ನೀಲಗಾರರ, ಕಂಸಾಳೆಯವರ ಮುದ್ರಣಗಳು ಸಾರ್ವಜನಿಕ ಹಣದಿಂದ ಆದವು, ಹಾಡಿದವರ ಮನೆತನಗಳು ಇನ್ನೂ ಈ ಹಳ್ಳಿಗಳಲ್ಲಿವೆ. ಈ ಎರಡೂ ಸಂಸ್ಥೆಗಳನ್ನು ನಡೆಸುವ ಪ್ರಸಾರ ಭಾರತಿಯು ಪ್ರತಿ ಮುದ್ರಣಕ್ಕೂ ಗಾಯಕನ ಹೆಸರು, ಊರು, ಹಾಡಿದ ಸಾಲು, ಮುದ್ರಿಸಿದ ವರ್ಷ ಮತ್ತು ನಿರ್ಮಾಪಕರ ಹೆಸರುಗಳನ್ನು ಸೇರಿಸಿ ಪಟ್ಟಿ ತಯಾರಿಸಬೇಕು, ಅದನ್ನು ಎಲ್ಲರಿಗೂ ತೆರೆದಿಡಬೇಕು, ಒಂದು ಪ್ರತಿಯನ್ನು ಮಳವಳ್ಳಿಯ ಸಾರ್ವಜನಿಕ ಗ್ರಂಥಾಲಯದಲ್ಲೂ ಬಿ.ಜಿ.ಪುರದಲ್ಲೂ ಇರಿಸಬೇಕು; ಹಳೆಯ ನಿರ್ಮಾಪಕರು ಮತ್ತು ಹಿರಿಯ ಹಾಡುಗಾರರು ಬದುಕಿರುವಾಗಲೇ ಈ ಕೆಲಸ ಆರಂಭವಾಗಬೇಕು.