ಹವ್ಯಾಸಿ ಗಾಲ್ಫ್ ಆಟಗಾರರ ಪಾಡ್‌ಕಾಸ್ಟ್‌ಗಳು ಮತ್ತು ವಿಡಿಯೊ ಚಾನೆಲ್‌ಗಳು

ವಾರವೆಲ್ಲ ಬೇರೆ ಉದ್ಯೋಗದಲ್ಲಿದ್ದು ಬಿಡುವು ಸಿಕ್ಕಾಗ ಗಾಲ್ಫ್ ಆಡುವವರಿಗಾಗಿ ಅಂತರಜಾಲದಲ್ಲಿ ಪ್ರಸಾರವಾಗುವ ಧ್ವನಿ ಮತ್ತು ದೃಶ್ಯ ಸರಣಿಗಳು. 2005ರ ನಂತರ ಮುಖ್ಯವಾಗಿ ಇಂಗ್ಲೆಂಡ್ ಮತ್ತು ಅಮೆರಿಕದಲ್ಲಿ ಬೆಳೆದವು. ಪಾಠ, ಸಲಕರಣೆಗಳ ಪರೀಕ್ಷೆ, ಅಂಕಿಅಂಶಗಳ ಚರ್ಚೆ, ಕೋರ್ಸ್‌ಗಳ ಪ್ರವಾಸ, ಗೆಳೆಯರ ನಡುವಿನ ಪಂದ್ಯ ಇವೆಲ್ಲ ಇವುಗಳ ವ್ಯಾಪ್ತಿಗೆ ಸೇರುತ್ತವೆ.

ಇವು ಯಾರಿಗಾಗಿ ಎಂಬುದು ಹ್ಯಾಂಡಿಕ್ಯಾಪ್ ಲೆಕ್ಕದಿಂದ ತಿಳಿಯುತ್ತದೆ. ಆಟಗಾರನೊಬ್ಬ ತನ್ನ ಒಳ್ಳೆಯ ದಿನಗಳಲ್ಲಿ ಕೋರ್ಸ್‌ಗೆ ನಿಗದಿಯಾದ ಹೊಡೆತಗಳ ಸಂಖ್ಯೆಯಾದ ಪಾರ್‌ಗಿಂತ ಎಷ್ಟು ಹೊಡೆತ ಹೆಚ್ಚು ತೆಗೆದುಕೊಳ್ಳುತ್ತಾನೆ ಎಂಬುದರ ಅಂದಾಜೇ ಹ್ಯಾಂಡಿಕ್ಯಾಪ್. ಅಮೆರಿಕದಲ್ಲಿ ಹ್ಯಾಂಡಿಕ್ಯಾಪ್ ನೋಂದಾಯಿಸಿಕೊಂಡ ಪುರುಷರ ಸರಾಸರಿ ಸುಮಾರು 14, ಮಹಿಳೆಯರದು ಸುಮಾರು 28. ಅಂದರೆ ಪಾರ್ 72ರ ಕೋರ್ಸ್‌ನಲ್ಲಿ ಸಾಮಾನ್ಯ ಪುರುಷ ಆಟಗಾರ ಸಾಧಾರಣ ದಿನದಲ್ಲಿ 90ರ ಆಸುಪಾಸಿನಲ್ಲಿ ಆಟ ಮುಗಿಸುತ್ತಾನೆ. ಭಾನುವಾರ ಟಿವಿಯಲ್ಲಿ ಅವನು ನೋಡುವುದು 68, 66ರ ಆಟವನ್ನು. ಈ ಎರಡರ ನಡುವಿನ ಅಂತರದ ಬಗ್ಗೆ ದೂರದರ್ಶನ ದಶಕಗಳ ಕಾಲ ಮಾತನಾಡಲಿಲ್ಲ. ಆ ಜಾಗವನ್ನು ತುಂಬಿದ್ದೇ ಈ ಚಾನೆಲ್‌ಗಳ ದೊಡ್ಡ ಸಾಧನೆ.

ಹಿನ್ನೆಲೆ

ಸಾಮಾನ್ಯ ಆಟಗಾರನಿಗೆ ಕ್ಯಾಮೆರಾ ಮುಂದೆ ನಿಂತು ಪಾಠ ಹೇಳುವ ಪದ್ಧತಿ ಹೊಸದೇನಲ್ಲ. ಅಮೆರಿಕದ ಬಾಬಿ ಜೋನ್ಸ್ 1930ರಲ್ಲಿ ಅಂದಿನ ನಾಲ್ಕು ಪ್ರಮುಖ ಪ್ರಶಸ್ತಿಗಳನ್ನೂ ಗೆದ್ದು ಸ್ಪರ್ಧೆಗಳಿಂದ ನಿವೃತ್ತರಾದರು. ಅಲ್ಲಿಯತನಕ ಅವರು ಹವ್ಯಾಸಿಯಾಗಿಯೇ ಆಡಿದ್ದರು. ಮರುವರ್ಷ ವಾರ್ನರ್ ಬ್ರದರ್ಸ್ ಸಂಸ್ಥೆಗಾಗಿ ‘ಹೌ ಐ ಪ್ಲೇ ಗಾಲ್ಫ್’ ಎಂಬ 12 ಕಿರುಚಿತ್ರಗಳಲ್ಲಿ ಕಾಣಿಸಿಕೊಂಡರು. ಜೇಮ್ಸ್ ಕ್ಯಾಗ್ನಿ, ಡಬ್ಲ್ಯು. ಸಿ. ಫೀಲ್ಡ್ಸ್ ಅವರಂತಹ ಹಾಲಿವುಡ್ ನಟರೂ ಈ ಸರಣಿಯಲ್ಲಿದ್ದರು. ಚಿತ್ರಮಂದಿರಗಳಲ್ಲಿ ಮುಖ್ಯ ಚಿತ್ರದ ಜೊತೆಗೆ ಇವು ಪ್ರದರ್ಶನಗೊಳ್ಳುತ್ತಿದ್ದವು. 1933ರಲ್ಲಿ ಬಂದ ಎರಡನೆಯ ಸರಣಿಯಲ್ಲಿ ಆರು ಚಿತ್ರಗಳಿದ್ದವು. ಹೆಸರು ‘ಹೌ ಟು ಬ್ರೇಕ್ 90’. ತೊಂಬತ್ತರ ಗಡಿಯನ್ನು ಮುರಿಯುವುದು ಇಂದಿನ ಚಾನೆಲ್‌ಗಳಲ್ಲೂ ಮತ್ತೆ ಮತ್ತೆ ಬರುವ ವಿಷಯ.

1957ರಲ್ಲಿ ಬೆನ್ ಹೋಗನ್ ಅವರ ಐದು ಪಾಠಗಳು ಆಂಥೊನಿ ರವಿಯೆಲ್ಲಿ ಬರೆದ ಚಿತ್ರಗಳೊಂದಿಗೆ ‘ಸ್ಪೋರ್ಟ್ಸ್ ಇಲಸ್ಟ್ರೇಟೆಡ್’ ಪತ್ರಿಕೆಯಲ್ಲಿ ಪ್ರಕಟವಾಗಿ, ನಂತರ ಪುಸ್ತಕವಾದವು. 1995ರಲ್ಲಿ ಗಾಲ್ಫ್‌ಗೆಂದೇ ಮೀಸಲಾದ ‘ಗಾಲ್ಫ್ ಚಾನೆಲ್’ ಅಮೆರಿಕದಲ್ಲಿ ಶುರುವಾಯಿತು. ಆಟಗಾರ ಆರ್ನಾಲ್ಡ್ ಪಾಮರ್ ಅದರ ಸ್ಥಾಪಕರಲ್ಲೊಬ್ಬರು. ಇವೆಲ್ಲವುಗಳಲ್ಲೂ ಮಾತು ಮೇಲಿನಿಂದ ಕೆಳಕ್ಕೆ ಹರಿಯುತ್ತಿತ್ತು. ಹೇಳುವವನು ಚಾಂಪಿಯನ್, ಕೇಳುವವನು ಮೌನಿ.

ಇಂಗ್ಲೆಂಡಿನ ಶಿಕ್ಷಕರು

2005ರಲ್ಲಿ ಯೂಟ್ಯೂಬ್ ಬಂತು. ಫ್ರೆಡ್ ಗ್ರೀನ್ ಅವರ ‘ಗಾಲ್ಫ್ ಸ್ಮಾರ್ಟರ್’ ಪಾಡ್‌ಕಾಸ್ಟ್ ಶುರುವಾದದ್ದೂ ಅದೇ ವರ್ಷ. ಆದರೆ ವಿಡಿಯೊ ಚಾನೆಲ್‌ಗಳಿಗೆ ಇಂದಿನ ರೂಪ ಕೊಟ್ಟವರು ಇಂಗ್ಲೆಂಡಿನ ಡ್ರೈವಿಂಗ್ ರೇಂಜ್‌ಗಳಲ್ಲಿ ಗಂಟೆಯ ಲೆಕ್ಕದಲ್ಲಿ ಪಾಠ ಹೇಳುತ್ತಿದ್ದ ಶಿಕ್ಷಕರು. ಮಾರ್ಕ್ ಕ್ರಾಸ್‌ಫೀಲ್ಡ್ ಇವರಲ್ಲಿ ಮೊದಲಿಗರ ಸಾಲಿನವರು. ಪಾಠದ ತುಣುಕುಗಳ ಜೊತೆಗೆ ಅವರು ಕೋರ್ಸ್‌ಗೆ ಕ್ಯಾಮೆರಾ ಕೊಂಡೊಯ್ದು, ತಾವು ಆಡಿದ್ದನ್ನು ಕೆಟ್ಟ ಹೊಡೆತಗಳ ಸಮೇತ ತೋರಿಸಿದರು. ಈ ಮಾದರಿಗೆ ‘ಕೋರ್ಸ್ ವ್ಲಾಗ್’ ಎಂಬ ಹೆಸರು ನಿಂತಿತು. ಪಂದ್ಯಾವಳಿಯ ಪ್ರಸಾರದಲ್ಲಿ ಮುನ್ನಡೆಯಲ್ಲಿರುವವರ ಹೊಡೆತಗಳೇ ಹೆಚ್ಚಾಗಿ ಕಾಣುತ್ತವೆ. ಇಲ್ಲಿ ಒಬ್ಬನೇ ಆಟಗಾರ ಮರದಡಿಯಿಂದ ಚೆಂಡನ್ನು ಪಕ್ಕಕ್ಕೆ ಹೊರತಳ್ಳುವುದನ್ನೂ ಮೂರು ಪಟ್ ಮಾಡುವುದನ್ನೂ, ಆ ಹೊತ್ತಿನಲ್ಲಿ ಅವನ ಮನಸ್ಸಿನಲ್ಲಿದ್ದ ಲೆಕ್ಕಾಚಾರವನ್ನೂ ನೋಡುಗ ಹಿಂಬಾಲಿಸಬಹುದು. ಈ ಇಡೀ ಪ್ರಕಾರದಲ್ಲಿ ಕಲಿಯುವವನಿಗೆ ಅತ್ಯಂತ ಉಪಯುಕ್ತವಾದದ್ದು ಇದೇ.

ಮ್ಯಾಂಚೆಸ್ಟರ್ ಪ್ರದೇಶದಲ್ಲಿ ಶಿಕ್ಷಕರಾಗಿದ್ದ ರಿಕ್ ಶೀಲ್ಸ್ ಈ ಮಾದರಿಯನ್ನು ಜಗತ್ತಿನ ಮೂಲೆಮೂಲೆಗೆ ಮುಟ್ಟಿಸಿದರು. ಅವರ ಚಂದಾದಾರರ ಸಂಖ್ಯೆ 20 ಲಕ್ಷ ದಾಟಿತು. ಹೆಸರಾಂತ ಕೋರ್ಸ್‌ಗಳಲ್ಲಿ 75ಕ್ಕಿಂತ ಕಡಿಮೆ ಹೊಡೆತಗಳಲ್ಲಿ ಮುಗಿಸಲು ಯತ್ನಿಸುವ ‘ಬ್ರೇಕ್ 75’ ಅವರ ಪ್ರಸಿದ್ಧ ಸರಣಿ. 2025ರಲ್ಲಿ ಅವರು ವೃತ್ತಿಪರರ ಲೀಗ್ ಆದ ಲಿವ್ ಗಾಲ್ಫ್ ಜೊತೆ ಕೈಜೋಡಿಸಿದರು. ಪೀಟರ್ ಫಿಂಚ್ ಓಪನ್ ಚಾಂಪಿಯನ್‌ಷಿಪ್‌ಗೆ ಅರ್ಹತೆ ಪಡೆಯುವ ತಮ್ಮ ಪ್ರಯತ್ನವನ್ನೇ ಸರಣಿಯಾಗಿಸಿದರು. ಪಿಯರ್ಸ್ ವಾರ್ಡ್ ಮತ್ತು ಆಂಡಿ ಪ್ರೌಡ್‌ಮನ್ ಅವರ ‘ಮಿ ಆ್ಯಂಡ್ ಮೈ ಗಾಲ್ಫ್’ ಬಹುಪಾಲು ಪಾಠಗಳಿಗೇ ಅಂಟಿಕೊಂಡಿತು.

ಪಾಠಗಳ ತಿರುಳು

ಈ ಶಿಕ್ಷಕರ ಬಳಗ ಮಾಡಿದ ಮಹತ್ವದ ಕೆಲಸವೆಂದರೆ ಚೆಂಡು ಏಕೆ ಬಾಗುತ್ತದೆ ಎಂಬುದನ್ನು ಸಾಮಾನ್ಯರಿಗೆ ಸರಿಯಾಗಿ ತಿಳಿಸಿದ್ದು. ಚೆಂಡು ಕ್ಲಬ್ ಬೀಸಿದ ದಾರಿಯಲ್ಲಿ ಹೊರಟು, ಕ್ಲಬ್‌ನ ಮುಖ ಯಾವ ಕಡೆಗಿತ್ತೋ ಆ ಕಡೆಗೆ ಬಾಗುತ್ತದೆ ಎಂದು ಹಳೆಯ ಬೋಧನೆ ಹೇಳುತ್ತಿತ್ತು. ಡೆನ್ಮಾರ್ಕ್‌ನ ಟ್ರ್ಯಾಕ್‌ಮನ್‌ನಂತಹ ರೇಡಾರ್ ಉಪಕರಣಗಳು ಈ ಶತಮಾನದ ಮೊದಲ ದಶಕದಲ್ಲಿ ಬಳಕೆಗೆ ಬಂದಾಗ ಬೇರೆಯೇ ಚಿತ್ರ ಸ್ಪಷ್ಟವಾಯಿತು. ಚೆಂಡು ಹೊರಡುವ ದಿಕ್ಕನ್ನು ಬಹುಪಾಲು ನಿರ್ಧರಿಸುವುದು ಕ್ಲಬ್‌ನ ಮುಖ. ಮುಖದ ದಿಕ್ಕಿಗೂ ಬೀಸಿನ ದಾರಿಗೂ ಇರುವ ವ್ಯತ್ಯಾಸದಿಂದ ಚೆಂಡು ಬಾಗುತ್ತದೆ.

ಇದು ಪುಸ್ತಕದ ವಿಷಯವಾಗಿಯೇ ಉಳಿಯುವಂಥದ್ದಲ್ಲ. ಬಲಗೈ ಆಟಗಾರನ ಚೆಂಡು ಬಲಕ್ಕೆ ಬಾಗಿ ಕಾಡಿಗೆ ಬೀಳುವುದನ್ನು ಸ್ಲೈಸ್ ಎನ್ನುತ್ತಾರೆ. ಹವ್ಯಾಸಿಗಳನ್ನು ಅತಿ ಹೆಚ್ಚು ಕಾಡುವ ದೋಷ ಇದು. ಬಲಕ್ಕೆ ಹೋಗುತ್ತದಲ್ಲ ಎಂದು ಆಟಗಾರ ಎಡಕ್ಕೆ ಗುರಿಯಿಟ್ಟು ಎಡಕ್ಕೆ ಬೀಸುತ್ತಾನೆ. ಮುಖ ಮಾತ್ರ ಗುರಿಯ ಕಡೆಗೇ ತೆರೆದಿರುವುದರಿಂದ ದಾರಿಗೂ ಮುಖಕ್ಕೂ ಇರುವ ವ್ಯತ್ಯಾಸ ಹಿಗ್ಗಿ ಸ್ಲೈಸ್ ಇನ್ನಷ್ಟು ಬಲಿಯುತ್ತದೆ. ಈ ಒಂದು ವಿವರಣೆಯನ್ನು ಅಂಕಿಗಳೊಡನೆ ಪರದೆಯ ಮೇಲೆ ಕಂಡವರಿಗೆ ತಮ್ಮ ಎಷ್ಟೋ ವರ್ಷದ ತೊಡಕಿನ ಬುಡ ಸಿಕ್ಕಿತು. ಚೆಂಡು ಮುಖದ ನಡುವೆ ಬಡಿಯಿತೋ ಹಿಮ್ಮಡಿಯ ಕಡೆಗೆ ಬಡಿಯಿತೋ ಎಂದು ನೋಡಲು ಕ್ಲಬ್‌ನ ಮುಖಕ್ಕೆ ಪಾದದ ಪೌಡರ್ ಸ್ಪ್ರೇ ಹೊಡೆಯುವ ಅಗ್ಗದ ಉಪಾಯವೂ ಇವೇ ಚಾನೆಲ್‌ಗಳಿಂದ ಮನೆಮಾತಾಯಿತು. ಫೋನ್‌ನಲ್ಲಿ ತನ್ನದೇ ಸ್ವಿಂಗ್ ಚಿತ್ರೀಕರಿಸಿಕೊಳ್ಳುವ ರೂಢಿಯೂ ಹಾಗೆಯೇ ಹಬ್ಬಿತು. ಕ್ಯಾಮೆರಾವನ್ನು ಕೈಗಳ ಎತ್ತರಕ್ಕೆ ಹಿಡಿದು ಒಮ್ಮೆ ಎದುರಿನಿಂದ, ಒಮ್ಮೆ ಗುರಿಯ ಸಾಲಿನ ಹಿಂದಿನಿಂದ ತೆಗೆಯಬೇಕು. ಕೋನ ತಪ್ಪಿದರೆ ಸರಿಯಾದ ಸ್ವಿಂಗ್ ಕೂಡ ಸೊಟ್ಟಗೆ ಕಾಣುತ್ತದೆ.

ವಿಡಿಯೊ ಪಾಠದ ಮಿತಿಯೂ ದೊಡ್ಡದೇ. ಪರದೆಯ ಮೇಲಿನ ಶಿಕ್ಷಕ ನೋಡುಗನ ಸ್ವಿಂಗನ್ನು ಕಂಡಿರುವುದಿಲ್ಲ. ಮುಖ ತೆರೆದಿರುವವನಿಗೆ ಹೇಳಿದ ಮದ್ದನ್ನು ಮುಖ ಮುಚ್ಚಿಕೊಂಡು ಹೊಡೆಯುವವನು ಪ್ರಯೋಗಿಸಿದರೆ ಇದ್ದ ಆಟವೂ ಕೆಡುತ್ತದೆ. ರಾತ್ರಿ ನೋಡಿದ ಐದಾರು ಸಲಹೆಗಳನ್ನು ಬೆಳಿಗ್ಗೆ ಮೊದಲ ಟೀಗೆ ಹೊತ್ತು ತಂದವನು ಚೆಂಡಿನ ಮುಂದೆ ಸೆಟೆದುಕೊಂಡು ನಿಲ್ಲುತ್ತಾನೆ. ಒಮ್ಮೆ ಶಿಕ್ಷಕರೊಬ್ಬರ ಎದುರು ನಿಂತು ತನ್ನ ದೋಷ ಯಾವುದೆಂದು ಗೊತ್ತುಮಾಡಿಕೊಂಡು, ಆಮೇಲೆ ಆ ಒಂದೇ ವಿಷಯದ ವಿಡಿಯೊಗಳನ್ನು ಹುಡುಕುವವರಿಗೆ ಇವು ನಿಜಕ್ಕೂ ನೆರವಾಗುತ್ತವೆ.

ಲೆಕ್ಕ ಮತ್ತು ತಂತ್ರದ ಪಾಡ್‌ಕಾಸ್ಟ್‌ಗಳು

ಸ್ವಿಂಗನ್ನು ಕಿವಿಯಿಂದ ಕಲಿಯುವುದು ಕಷ್ಟ. ಎಲ್ಲಿಗೆ ಗುರಿಯಿಡಬೇಕು, ಯಾವ ಕ್ಲಬ್ ಆರಿಸಬೇಕು, ತನ್ನಿಂದ ತಾನು ಎಷ್ಟನ್ನು ನಿರೀಕ್ಷಿಸಬೇಕು ಎಂಬುದನ್ನು ಮಾತಿನಲ್ಲೇ ಕಲಿಯಬಹುದು. ಪಾಡ್‌ಕಾಸ್ಟ್ ಗೆದ್ದದ್ದು ಇಲ್ಲಿ. ಇದಕ್ಕೆ ತಳಹದಿ ಹಾಕಿದವರು ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಾರ್ಕ್ ಬ್ರಾಡಿ. ಪ್ರತಿ ಹೊಡೆತವೂ ಸರಾಸರಿಗೆ ಹೋಲಿಸಿದರೆ ಎಷ್ಟು ಗಳಿಸಿತು, ಎಷ್ಟು ಕಳೆಯಿತು ಎಂದು ಅಳೆಯುವ ‘ಸ್ಟ್ರೋಕ್ಸ್ ಗೇನ್ಡ್’ ಕ್ರಮವನ್ನು ಅವರು ರೂಪಿಸಿದರು. ಅಮೆರಿಕದ ವೃತ್ತಿಪರರ ಪಂದ್ಯಮಾಲೆಯಾದ ಪಿಜಿಎ ಟೂರ್ 2011ರಲ್ಲಿ ಪಟಿಂಗ್ ಅಳೆಯಲು ಅದನ್ನು ಅಳವಡಿಸಿಕೊಂಡಿತು. ಬ್ರಾಡಿಯವರ ‘ಎವ್ರಿ ಶಾಟ್ ಕೌಂಟ್ಸ್’ ಪುಸ್ತಕ 2014ರಲ್ಲಿ ಬಂತು. ಒಳ್ಳೆಯ ಆಟಗಾರನಿಗೂ ಸಾಧಾರಣ ಆಟಗಾರನಿಗೂ ಇರುವ ಅಂತರದಲ್ಲಿ ಸುಮಾರು ಮೂರನೆಯ ಎರಡು ಪಾಲು ಹುಟ್ಟುವುದು 100 ಗಜದಾಚೆಯ ಹೊಡೆತಗಳಲ್ಲಿ ಎಂದು ಅವರು ತೋರಿಸಿದರು. ‘ಡ್ರೈವ್ ತೋರಿಕೆಗೆ, ಪಟ್ ಗಳಿಕೆಗೆ’ ಎಂಬರ್ಥದ ಕ್ಲಬ್‌ಗಳ ಹಳೆಯ ನಂಬಿಕೆ ಇದರಿಂದ ಅಲುಗಾಡಿತು.

ಹವ್ಯಾಸಿಗೆ ಇನ್ನೂ ಹೆಚ್ಚು ನೆಮ್ಮದಿ ಕೊಟ್ಟದ್ದು ವೃತ್ತಿಪರರ ಅಂಕಿಗಳು. ಪಿಜಿಎ ಟೂರ್ ಆಟಗಾರರು ಎಂಟು ಅಡಿಯ ಪಟ್‌ಗಳಲ್ಲಿ ಅರ್ಧದಷ್ಟನ್ನು ಮಾತ್ರ ಹೋಲ್‌ಗೆ ಹಾಕುತ್ತಾರೆ. ಫೇರ್‌ವೇ ಮೇಲೆ 100 ಗಜ ದೂರದಿಂದ ಮುಗಿಸಲು ಅವರಿಗೆ ಸರಾಸರಿ 2.8 ಹೊಡೆತ ಬೇಕು. ಡ್ರೈವರ್‌ನಿಂದ ಹೊಡೆದ ಅವರ ಚೆಂಡುಗಳೂ 60 ಗಜಕ್ಕಿಂತ ಹೆಚ್ಚಿನ ಅಗಲದಲ್ಲಿ ಹರಡಿ ಬೀಳುತ್ತವೆ. ಇದನ್ನು ಕೇಳಿದ 15 ಹ್ಯಾಂಡಿಕ್ಯಾಪ್‌ನ ಆಟಗಾರ, ಎಂಟು ಅಡಿಯ ಪಟ್ ತಪ್ಪಿದ್ದಕ್ಕೆ ತನ್ನನ್ನೇ ಶಪಿಸಿಕೊಳ್ಳುವುದನ್ನು ಬಿಡುತ್ತಾನೆ. ಧ್ವಜ ಬಂಕರ್‌ನ ಹಿಂದೆ ಇದ್ದಾಗ ಗ್ರೀನ್‌ನ ನಡುಭಾಗಕ್ಕೆ ಹೊಡೆಯುತ್ತಾನೆ. ಸ್ವಿಂಗ್ ಬದಲಾಗದೆಯೇ ಅವನ ಹೊಡೆತಗಳು ಕಡಿಮೆಯಾಗುತ್ತವೆ.

ಜಾನ್ ಶೆರ್ಮನ್ ಮತ್ತು ಆ್ಯಡಮ್ ಯಂಗ್ ನಡೆಸುವ ‘ದ ಸ್ವೀಟ್ ಸ್ಪಾಟ್’ ಈ ಬಗೆಯ ವಿವೇಕದ ಮಾತಿಗೆ ಉತ್ತಮ ಉದಾಹರಣೆ. ಯಂಗ್ ವೃತ್ತಿಯಿಂದ ಶಿಕ್ಷಕ. ಶೆರ್ಮನ್ ತನ್ನ ಅನುಭವದಿಂದ ಬರೆಯುವ ಆಟಗಾರ. ಕ್ರಾಸ್‌ಫೀಲ್ಡ್, ಆಸ್ಟ್ರೇಲಿಯದ ಟೂರ್ ಆಟಗಾರ ಗ್ರೆಗ್ ಚಾಮರ್ಸ್ ಮತ್ತು ಅಂಕಿಅಂಶ ತಜ್ಞ ಲೂ ಸ್ಟ್ಯಾಗ್ನರ್ ಸೇರಿ ‘ಹ್ಯಾಕ್ ಇಟ್ ಔಟ್’ ನಡೆಸಿದರು. ‘ಚೇಸಿಂಗ್ ಸ್ಕ್ರ್ಯಾಚ್’ ಪಾಡ್‌ಕಾಸ್ಟ್‌ನಲ್ಲಿ ಮನೆ, ಉದ್ಯೋಗಗಳ ನಡುವೆ ಹ್ಯಾಂಡಿಕ್ಯಾಪನ್ನು ಸೊನ್ನೆಗೆ ಇಳಿಸಲು ಹೊರಟ ಇಬ್ಬರು ಗೆಳೆಯರ ಕಥೆ ಋತುವಿನಿಂದ ಋತುವಿಗೆ ಮುಂದುವರಿಯುತ್ತದೆ. ಪರಿಣತರಿಲ್ಲದ ಕಾರ್ಯಕ್ರಮವಾದರೂ ಹವ್ಯಾಸಿಯ ಆಸೆ, ಹಿಂಜರಿತ, ಸಮಯದ ಅಭಾವಗಳನ್ನು ಇಷ್ಟು ಹತ್ತಿರದಿಂದ ಹಿಡಿದದ್ದು ವಿರಳ.

ಪ್ರವಾಸ ಮತ್ತು ಕೋರ್ಸ್‌ಗಳ ವಿನ್ಯಾಸ

ಗೆಳೆಯರ ಗುಂಪೊಂದು 2014ರಲ್ಲಿ ಶುರುಮಾಡಿದ ‘ನೋ ಲೇಯಿಂಗ್ ಅಪ್’ ಅಮೆರಿಕದ ಪ್ರಭಾವಶಾಲಿ ಪಾಡ್‌ಕಾಸ್ಟ್‌ಗಳಲ್ಲೊಂದು. ಕ್ರಿಸ್ ಸೋಲೊಮನ್ ಮತ್ತು ಸಂಗಡಿಗರು ಅಭಿಮಾನಿಗಳ ದನಿಯಲ್ಲಿ ವೃತ್ತಿಪರ ಗಾಲ್ಫನ್ನು ಚರ್ಚಿಸುತ್ತಾರೆ. ಇವರ ‘ಟೂರಿಸ್ಟ್ ಸಾಸ್’ ವಿಡಿಯೊ ಸರಣಿ ಆಸ್ಟ್ರೇಲಿಯ, ಸ್ಕಾಟ್ಲೆಂಡ್ ಮೊದಲಾದೆಡೆಯ ಕೋರ್ಸ್‌ಗಳನ್ನು ಸುತ್ತಿದರೆ, ‘ಸ್ಟ್ರ್ಯಾಪ್ಡ್’ ಸರಣಿ ಕಡಿಮೆ ಖರ್ಚಿನಲ್ಲಿ ಆಡಬಹುದಾದ ಸಾರ್ವಜನಿಕ ಕೋರ್ಸ್‌ಗಳನ್ನು ಹುಡುಕಿಕೊಂಡು ಹೋಯಿತು. ಆ್ಯಂಡಿ ಜಾನ್ಸನ್ ಅವರ ‘ದ ಫ್ರೈಡ್ ಎಗ್’ ಕೋರ್ಸ್‌ಗಳ ವಿನ್ಯಾಸಶಾಸ್ತ್ರವನ್ನು ಸಾಮಾನ್ಯ ಆಟಗಾರನ ಬಾಯಿಗೆ ತಂದಿತು. ಸ್ಕಾಟ್ಲೆಂಡಿನ ನಾರ್ತ್ ಬೆರಿಕ್‌ನ 15ನೆಯ ಹೋಲ್ ‘ರೆಡಾನ್’ನಲ್ಲಿ ಗ್ರೀನ್ ಓರೆಯಾಗಿ ಹಿಂದಕ್ಕೆ ಇಳಿಯುತ್ತದೆ, ಅದರ ಪ್ರತಿರೂಪಗಳು ಅಮೆರಿಕದ ಎಷ್ಟೋ ಕೋರ್ಸ್‌ಗಳಲ್ಲಿವೆ. ಅಂಥ ನೆಲದ ಮೇಲೆ ಧ್ವಜಕ್ಕೆ ನೇರ ಹೊಡೆಯದೆ, ಪಕ್ಕಕ್ಕೆ ಬೀಳಿಸಿ ಇಳಿಜಾರಿನಲ್ಲಿ ಚೆಂಡು ತಾನೇ ಉರುಳುವಂತೆ ಆಡಬೇಕೆಂದು ತಿಳಿದವನಿಗೆ ತನ್ನ ಊರಿನ ಕೋರ್ಸ್ ಕೂಡ ಬೇರೆಯಾಗಿ ಕಾಣುತ್ತದೆ.

ಮನರಂಜನೆ ಮತ್ತು ಹಣ

2020ರ ಕೋವಿಡ್ ಕಾಲದಲ್ಲಿ ಅಂತರ ಕಾಯ್ದುಕೊಂಡು ಆಡಬಹುದಾದ ಗಾಲ್ಫ್‌ಗೆ ಅಮೆರಿಕದಲ್ಲಿ ಹೊಸ ಆಟಗಾರರು ಹರಿದುಬಂದರು. ಅದೇ ವರ್ಷ ಹುಟ್ಟಿದ ‘ಗುಡ್ ಗುಡ್’ ತಂಡದ ಯುವಕರು ಪಾಠ ಹೇಳದೆ, ತಮ್ಮತಮ್ಮಲ್ಲೇ ಪಂದ್ಯ ಕಟ್ಟಿ ಆಡಿ ಲಕ್ಷಾಂತರ ನೋಡುಗರನ್ನು ಗಳಿಸಿದರು. ವೃತ್ತಿಪರ ಆಟಗಾರ ಬ್ರೈಸನ್ ಡಿಷಾಂಬೊ, ಅತಿಥಿಯೊಬ್ಬರ ಜೊತೆಗೂಡಿ 50ಕ್ಕಿಂತ ಕಡಿಮೆ ಹೊಡೆತಗಳಲ್ಲಿ ಮುಗಿಸಲು ಯತ್ನಿಸುವ ‘ಬ್ರೇಕ್ 50’ ಸರಣಿ ನಡೆಸುತ್ತಾರೆ. 2024ರಲ್ಲಿ ಡೊನಾಲ್ಡ್ ಟ್ರಂಪ್ ಅದರಲ್ಲಿ ಆಡಿದರು. ಅದೇ ವರ್ಷದ ಆಗಸ್ಟ್‌ನಲ್ಲಿ ಪಿಜಿಎ ಟೂರ್ ಅಟ್ಲಾಂಟದ ಈಸ್ಟ್ ಲೇಕ್‌ನಲ್ಲಿ ವಿಡಿಯೊ ತಯಾರಕರಿಗೆಂದೇ ‘ಕ್ರಿಯೇಟರ್ ಕ್ಲಾಸಿಕ್’ ಪಂದ್ಯ ಏರ್ಪಡಿಸಿತು. ಲೂಕ್ ಕ್ವಾನ್ ಗೆದ್ದರು. ಆದರೆ ವಿಡಿಯೊ ತಯಾರಕರ ಮತ್ತು ವೃತ್ತಿಪರ ಟೂರ್‌ನ ಲೋಕಗಳ ನಡುವಿನ ಬಿಕ್ಕಟ್ಟು ಅಲ್ಲಿಗೇ ಬಗೆಹರಿಯಲಿಲ್ಲ. ಪಿಜಿಎ ಟೂರ್‌ನ 2025ರ ಬ್ಯಾರಕುಡಾ ಚಾಂಪಿಯನ್‌ಷಿಪ್‌ಗೆ ಬಂದ ಆಹ್ವಾನವನ್ನು ವಿಡಿಯೊ ತಯಾರಕ ಗ್ರಾಂಟ್ ಹಾರ್ವಟ್ ನಿರಾಕರಿಸಿದರು. ತಮ್ಮ ಆಟವನ್ನು ಚಿತ್ರೀಕರಿಸಲು ಅಲ್ಲಿ ಅವಕಾಶವಿರಲಿಲ್ಲ.

ಸಲಕರಣೆಗಳ ವಿಮರ್ಶೆಯನ್ನು ಎಚ್ಚರದಿಂದ ನೋಡಬೇಕು. ಕ್ಲಬ್ ತಯಾರಿಸುವ ಸಂಸ್ಥೆಯಿಂದ ಹಣ ಪಡೆಯುವ ಚಾನೆಲ್ ಆ ವಿಷಯವನ್ನು ತೆರೆದು ಹೇಳಿದೆಯೇ ಎಂಬುದು ಮೊದಲ ಪ್ರಶ್ನೆ. ಪರೀಕ್ಷಿಸಿದವನ ಸ್ವಿಂಗ್ ವೇಗ ನೋಡುಗನದಕ್ಕಿಂತ ಬಹಳ ಹೆಚ್ಚಿದ್ದರೆ, ಪರದೆಯ ಮೇಲಿನ ಗಜಗಳು ಅವನಿಗೆ ಅನ್ವಯಿಸುವುದಿಲ್ಲ.

2022ರ ಜನವರಿಯಿಂದ ಜಾರಿಯಾದ ಹವ್ಯಾಸಿ ಸ್ಥಾನಮಾನದ ಹೊಸ ನಿಯಮಗಳು ಪ್ರಾಯೋಜಕತ್ವದ ಮೇಲಿನ ನಿರ್ಬಂಧವನ್ನು ತೆಗೆದುಹಾಕಿದವು. ಹಾಗಾಗಿ ಜಾಹೀರಾತಿನಿಂದ ಗಳಿಸುವವರೂ ಹವ್ಯಾಸಿಗಳಾಗಿ ಸ್ಪರ್ಧಿಸಬಹುದು.

ಕರ್ನಾಟಕದ ಆಟಗಾರರಿಗೆ

ಬೆಂಗಳೂರು ಗಾಲ್ಫ್ ಕ್ಲಬ್ 1876ರಷ್ಟು ಹಳೆಯದು. ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಹೊಡೆತದಿಂದ ಪದಕ ತಪ್ಪಿ ನಾಲ್ಕನೆಯವರಾದಾಗ, ಗಾಲ್ಫ್‌ನ ಗಂಧವಿಲ್ಲದ ಮನೆಗಳಲ್ಲೂ ಆಟದ ಬಗ್ಗೆ ಕುತೂಹಲ ಮೂಡಿತು. ದೂರ ಹೊಡೆಯುವುದರಲ್ಲಿ ಹಿಂದಿದ್ದು ಪಟಿಂಗ್‌ನಿಂದ ಅಷ್ಟು ಮೇಲೇರಿದ ಅವರ ಆಟ, ಸರಾಸರಿಗಳ ಆಚೆಗೂ ದಾರಿಯಿದೆ ಎಂಬುದಕ್ಕೆ ಸಾಕ್ಷಿ.

ಇಂಗ್ಲೆಂಡ್, ಸ್ಕಾಟ್ಲೆಂಡ್‌ಗಳಲ್ಲಿ ಚಿತ್ರೀಕರಿಸಿದ ಪಾಠಗಳನ್ನು ಇಲ್ಲಿ ಬಳಸುವಾಗ ಎರಡು ವ್ಯತ್ಯಾಸಗಳು ಮುಖ್ಯ. ಅಲ್ಲಿನ ಸಮುದ್ರ ತೀರದ ಕೋರ್ಸ್‌ಗಳ ಫೆಸ್ಕ್ಯು ಹುಲ್ಲು ತೆಳುವಾಗಿ ಗಟ್ಟಿ ನೆಲದ ಮೇಲೆ ಬೆಳೆಯುತ್ತದೆ. ನಮ್ಮ ಬಿಸಿಲಿಗೆ ಒಗ್ಗುವ ಬರ್ಮುಡಾ ಹುಲ್ಲು ಒರಟು. ಗ್ರೀನ್ ಪಕ್ಕದ ಸಣ್ಣ ಹೊಡೆತದಲ್ಲಿ ಅದು ವಾಲಿ ಬೆಳೆದ ದಿಕ್ಕಿಗೆ ಎದುರಾಗಿ ಬಂದ ಕ್ಲಬ್‌ನ ಅಂಚನ್ನು ಹಿಡಿದುಬಿಡುತ್ತದೆ. ಇನ್ನೊಂದು, ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳುವಾಗಿರುವ ಕಾರಣ ಚೆಂಡು ಶೇ. 3ರಷ್ಟು ಹೆಚ್ಚು ದೂರ ಹೋಗುತ್ತದೆ: ಮಂಗಳೂರಿನ ಕರಾವಳಿಯಲ್ಲಿ 150 ಗಜ ಹೋಗುವ ಹೊಡೆತ ಇಲ್ಲಿ ನಾಲ್ಕೈದು ಗಜ ಮುಂದೆ ಬೀಳುತ್ತದೆ. ವಿಡಿಯೊದಲ್ಲಿ ಕಂಡ ದೂರದ ಪಟ್ಟಿಯನ್ನು ಹಾಗೆಯೇ ನಂಬದೆ, ಪ್ರತಿ ಕ್ಲಬ್‌ನ ಗಜಗಳನ್ನು ಇಲ್ಲಿನ ಕೋರ್ಸ್‌ನಲ್ಲೇ ಅಳೆದು ಬರೆದಿಟ್ಟುಕೊಳ್ಳುವುದು ಒಳ್ಳೆಯದು.