ಕುದುರೆತಲೆ ಊರಿನಿಂದ ಕಯೂಗಾ ಸರೋವರದವರೆಗೆ

ನ್ಯೂಯಾರ್ಕ್ ಅಂದ ಕೂಡಲೇ ನಮ್ಮ ಡೊಂಬಿವಲಿ ಗೆಳೆಯರ ಕಣ್ಣಿಗೆ ಬರುವುದು ಮುಗಿಲು ಮುಟ್ಟುವ ಕಟ್ಟಡಗಳು, ದೀವಟಿಗೆ ಹಿಡಿದ ಆ ಹೆಂಗಸಿನ ಪ್ರತಿಮೆ. ಅದೇ ಹೆಸರಿನ ರಾಜ್ಯದ ಒಳನಾಡಿನಲ್ಲಿ, ಮಹಾನಗರದಿಂದ ನಾಲ್ಕೈದು ಗಂಟೆ ಗಾಡಿ ಓಡಿಸಿದರೆ, ಕೈಬೆರಳುಗಳ ಹಾಗೆ ಉದ್ದುದ್ದಕ್ಕೆ ಬಿದ್ದಿರುವ ಹನ್ನೊಂದು ಸರೋವರಗಳಿವೆ ಎಂದರೆ ಯಾರೂ ನಂಬುವುದಿಲ್ಲ. ಫಿಂಗರ್ ಲೇಕ್ಸ್ ಅಂತಲೇ ಹೆಸರು. ಹಿಮಯುಗದಲ್ಲಿ ಮಂಜುಗಡ್ಡೆಯ ರಾಶಿ ನದೀ ಕಣಿವೆಗಳನ್ನು ಉಜ್ಜಿ ಉಜ್ಜಿ ಆಳ ಮಾಡಿ ಬಿಟ್ಟುಹೋದ ಗುಂಡಿಗಳು ಇವು. ಸೆನೆಕಾ ಸರೋವರ 188 ಮೀಟರ್ ಆಳ, ಪಕ್ಕದ ಕಯೂಗಾ 60 ಕಿಲೋಮೀಟರಿಗೂ ಉದ್ದ. ಅಗಲ ಮಾತ್ರ ಕೆಲವೇ ಕಿಲೋಮೀಟರ್. ಈ ದಡದಲ್ಲಿ ನಿಂತರೆ ಆ ದಡದ ದ್ರಾಕ್ಷಿ ತೋಟದ ಸಾಲುಗಳು ಕಾಣುತ್ತವೆ.

ಅಕ್ಟೋಬರ್ ಎರಡನೇ ವಾರ ಅಲ್ಲಿ ಒಂದು ಸುತ್ತು ಹಾಕಿ ಬಂದೆವು, ಆರ್‌ವಿಯಲ್ಲಿ. ಆರ್‌ವಿ ಅಂದರೆ ನಮ್ಮ ಟೆಂಪೋ ಟ್ರಾವೆಲರಿನ ದೊಡ್ಡಣ್ಣ. ಒಳಗೇ ಒಲೆ, ಮಂಚ, ಫ್ರಿಜ್ಜು, ಬಚ್ಚಲು. ಅಳಿಯ ಡ್ರೈವರ್, ನಮ್ಮವಳು ಅಡುಗೆ ಇಲಾಖೆ, ಮಗಳು ನಕಾಶೆ. ನನಗೆ ಸಿಕ್ಕ ಕೆಲಸ ಕಿಟಕಿ ಪಕ್ಕ ಕೂತು ದಾರಿಬದಿಯ ಫಲಕ ಓದುವುದು. ನೀಲಿ ಬಣ್ಣದ ತಗಡಿನ ಮೇಲೆ ಹಳದಿ ಅಕ್ಷರ. ಕ್ರಾಂತಿಯುದ್ಧಕ್ಕೆ 150 ವರ್ಷ ತುಂಬಿದ ನೆನಪಿಗೆ ನ್ಯೂಯಾರ್ಕ್ ರಾಜ್ಯ 1926ರಿಂದ ನಿಲ್ಲಿಸುತ್ತಾ ಬಂದ ಫಲಕಗಳು. ಎಲೆಗಳ ಕೆಂಪು ಹಳದಿ ಬಣ್ಣದ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ, ಫೋಟೋನೂ ಹಾಕಿದ್ದಾರೆ. ನಾನು ಈ ಫಲಕಗಳ ಕತೆ ಹೇಳುತ್ತೇನೆ.

ಮಗಳ ಮನೆ ನ್ಯೂಜೆರ್ಸಿಯಲ್ಲಿ. ಅಲ್ಲಿಂದ ಡೆಲವೇರ್ ನದಿ ದಾಟಿ ಈಸ್ಟನ್, ಮುಂದೆ ಪೆನ್ಸಿಲ್ವೇನಿಯಾದ ವಯೋಮಿಂಗ್ ಕಣಿವೆ, ಸಸ್ಕ್ವೆಹಾನಾ ನದಿಯ ಪಕ್ಕದಲ್ಲೇ ಮೇಲೆ ಮೇಲೆ ಹೋಗಿ ಎಲ್ಮೈರಾ. ಚೆಂದದ ದಾರಿ ಅಂತ ಮಗಳು ಆರಿಸಿದ್ದು. ಅದು 1779ರಲ್ಲಿ ಜನರಲ್ ಜಾನ್ ಸಲಿವನ್ ಎಂಬಾತ ನಾಲ್ಕು ಸಾವಿರಕ್ಕೂ ಹೆಚ್ಚು ಸೈನಿಕರನ್ನು ಕರೆದುಕೊಂಡು ಹೋದ ದಾರಿಯೂ ಹೌದು. ನಾವು ಒಂದು ದಿನದಲ್ಲಿ ಇಡ್ಲಿ ತಿನ್ನುತ್ತಾ ದಾಟಿದ್ದನ್ನು ಅವರು ಫಿರಂಗಿ ಎಳೆದುಕೊಂಡು ಎರಡು ತಿಂಗಳು ದಾಟಿದ್ದರು.

ಹಿನ್ನೆಲೆ ಸ್ವಲ್ಪ ಹೇಳಬೇಕು. ನಾವು ಶಾಲೆಯಲ್ಲಿ 'ರೆಡ್ ಇಂಡಿಯನ್ನರು' ಅಂತ ಒಂದೇ ಮಾತಲ್ಲಿ ಕಲಿತ ಜನರಲ್ಲಿ ನೂರಾರು ಜನಾಂಗಗಳಿವೆ. ಈ ಸೀಮೆಯವರು ಹೋಡೆನೊಶೋನಿ, ಅಂದರೆ ಉದ್ದಮನೆಯ ಜನ. ಫ್ರೆಂಚರು ಇಟ್ಟ ಹೆಸರು ಇರೋಕ್ವಾ. ಮೋಹಾಕ್, ಒನೈಡಾ, ಒನೊಂಡಾಗಾ, ಕಯೂಗಾ, ಸೆನೆಕಾ, ಆಮೇಲೆ ಸೇರಿದ ಟಸ್ಕರೋರಾ - ಹೀಗೆ ಆರು ಜನಾಂಗಗಳ ಒಕ್ಕೂಟ. ಕ್ರಾಂತಿಯುದ್ಧ ಬಂದಾಗ ಒಕ್ಕೂಟವೇ ಒಡೆಯಿತು. ಒನೈಡಾ, ಟಸ್ಕರೋರಾದವರಲ್ಲಿ ಹೆಚ್ಚಿನವರು ಅಮೆರಿಕನ್ನರ ಕಡೆ, ಉಳಿದವರಲ್ಲಿ ಬಹುಪಾಲು ಬ್ರಿಟಿಷರ ಕಡೆ. 1778ರ ಜುಲೈಯಲ್ಲಿ ವಯೋಮಿಂಗ್ ಕಣಿವೆ, ನವೆಂಬರಿನಲ್ಲಿ ಚೆರಿ ವ್ಯಾಲಿ, ಈ ಎರಡೂ ಕಡೆ ಬ್ರಿಟಿಷ್ ಪಕ್ಷದವರೂ ಅವರ ಜತೆಗಾರ ಇರೋಕ್ವಾ ಯೋಧರೂ ಸೇರಿ ದಾಳಿ ಮಾಡಿದರು. ಚೆರಿ ವ್ಯಾಲಿಯಲ್ಲಿ ಸತ್ತವರಲ್ಲಿ ಹೆಂಗಸರು ಮಕ್ಕಳೂ ಇದ್ದರು. ಇದನ್ನು ಮುಚ್ಚಿಟ್ಟು ಕತೆ ಹೇಳಿದರೆ ನ್ಯಾಯವಾಗುವುದಿಲ್ಲ.

ಅದಕ್ಕೆ ಉತ್ತರವಾಗಿ ಜಾರ್ಜ್ ವಾಷಿಂಗ್ಟನ್ 1779ರ ಮೇ 31ರಂದು ಸಲಿವನ್ನನಿಗೆ ಆಜ್ಞೆ ಬರೆದ. ಗೆದ್ದು ಬಾ ಅಂತ ಅಲ್ಲ. ಊರುಗಳನ್ನು ಪೂರ್ತಿ ನಾಶ ಮಾಡು, ನೆಲದಲ್ಲಿರುವ ಬೆಳೆ ಹಾಳು ಮಾಡು, ಮತ್ತೆ ಬಿತ್ತದ ಹಾಗೆ ಮಾಡು ಅಂತ. ಇನ್ನೊಂದು ಕಡೆಯಿಂದ ಜನರಲ್ ಕ್ಲಿಂಟನ್ ಬಂದ. ಅವನ ಉಪಾಯ ನೋಡಿ: ಒಟ್ಸೆಗೋ ಸರೋವರದ ಬಾಯಿಗೆ ಅಣೆಕಟ್ಟು ಕಟ್ಟಿಸಿ, ನೀರು ಏರುವವರೆಗೆ ಕಾದು, ಆಗಸ್ಟಿನಲ್ಲಿ ಒಡೆಸಿಬಿಟ್ಟ. ಬೇಸಗೆಯಲ್ಲಿ ಬತ್ತಿದ್ದ ನದಿಗೆ ಒಮ್ಮೆಲೇ ನೆರೆ ಬಂದು, ಅವನ ಇನ್ನೂರಕ್ಕೂ ಹೆಚ್ಚು ದೋಣಿಗಳು ತೇಲಿಕೊಂಡು ಸಲಿವನ್ನನ ಕಡೆ ಹೊರಟವು.

ಇಡೀ ದಂಡಯಾತ್ರೆಯಲ್ಲಿ ದೊಡ್ಡ ಕಾಳಗ ಅಂತ ಆದದ್ದು ಒಂದೇ, ಆಗಸ್ಟ್ 29ರಂದು ಎಲ್ಮೈರಾ ಹತ್ತಿರದ ನ್ಯೂಟೌನಿನಲ್ಲಿ. ಆಮೇಲೆ ದೊಡ್ಡದಾಗಿ ಎದುರಿಸುವವರು ಇರಲಿಲ್ಲ. ಉಳಿದದ್ದು ಬರೀ ಬೆಂಕಿಯ ಕೆಲಸ. ನಲವತ್ತರಷ್ಟು ಊರು ಸುಟ್ಟು, 1,60,000 ಬುಶೆಲ್ ಮೆಕ್ಕೆಜೋಳ ನಾಶ ಮಾಡಿದೆ ಎಂದು ಸಲಿವನ್ ಲೆಕ್ಕ ಕೊಟ್ಟ. ಒಂದು ಬುಶೆಲ್ ಅಂದರೆ ಸುಮಾರು 35 ಲೀಟರಿನ ಅಳತೆ, ನೀವೇ ಗುಣಿಸಿಕೊಳ್ಳಿ. ಜೋಳ, ಅವರೆಜಾತಿಯ ಬೀನ್ಸು, ಕುಂಬಳ ಈ ಮೂರನ್ನೂ ಅವರು ಒಂದೇ ಕುಣಿಯಲ್ಲಿ ಬೆಳೆಸುತ್ತಿದ್ದರು. ಜೋಳದ ದಂಟಿಗೆ ಬೀನ್ಸು ಹಬ್ಬುತ್ತದೆ, ಕುಂಬಳದ ಎಲೆ ನೆಲ ಮುಚ್ಚಿ ತೇವ ಕಾಯುತ್ತದೆ. 'ಮೂವರು ಅಕ್ಕತಂಗಿಯರು' ಅಂತ ಕರೆಯುತ್ತಾರೆ. ಬಯಲುಸೀಮೆಯವರ ಅಕ್ಕಡಿ ಸಾಲು ಗೊತ್ತಿದ್ದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಈಗ ಅಕ್ಟೋಬರಿನಲ್ಲಿ ಆ ಊರುಗಳ ಮನೆ ಮನೆ ಮೆಟ್ಟಿಲ ಮೇಲೆ ಕುಂಬಳಕಾಯಿ, ಕಂಬಕ್ಕೆ ಕಟ್ಟಿದ ಜೋಳದ ದಂಟು. ಅಲಂಕಾರಕ್ಕೆ.

ಎಲ್ಮೈರಾ ದಾಟಿದರೆ ಹಾರ್ಸ್‌ಹೆಡ್ಸ್ ಅಂತ ಒಂದು ಊರು. ಕುದುರೆತಲೆಗಳು! "ಅಜ್ಜ, ಇದೆಂಥ ಹೆಸರು?" ಅಂತ ಮೊಮ್ಮಗಳು ನಕ್ಕಳು. ವಾಪಸು ಬರುವಾಗ ಸಲಿವನ್ನನ ಹೇರುಕುದುರೆಗಳು ನಡೆಯಲಾರದೆ ಸೋತಿದ್ದವು, ಅವನ್ನು ಅಲ್ಲೇ ಕೊಂದು ಬಿಟ್ಟರು. ಆಮೇಲೆ ಮೂಲನಿವಾಸಿಗಳು ಬಂದು ಆ ತಲೆಬುರುಡೆಗಳನ್ನು ದಾರಿಯುದ್ದಕ್ಕೂ ಸಾಲಾಗಿ ಜೋಡಿಸಿಟ್ಟರಂತೆ. ನಂತರ ಬಂದ ವಲಸೆಗಾರರು ಅದನ್ನೇ ಊರಿನ ಹೆಸರು ಮಾಡಿಕೊಂಡರು. ಮೊಮ್ಮಗಳಿಗೆ ಅರ್ಧ ಕತೆ ಮಾತ್ರ ಹೇಳಿದೆ, ಊಟದ ಹೊತ್ತು ಬೇರೆ.

ಅಲ್ಲಿಂದ ಸ್ವಲ್ಪ ಮುಂದೆ ಮಾಂಟೂರ್ ಫಾಲ್ಸ್. ಪೇಟೆಬೀದಿಯ ಕೊನೆಯಲ್ಲೇ ಜಲಪಾತ ಬೀಳುತ್ತದೆ. ಕ್ಯಾಥರೀನ್ ಮಾಂಟೂರ್ ಎಂಬ ಸೆನೆಕಾ ನಾಯಕಿಯ ಊರು ಇದ್ದದ್ದು ಇಲ್ಲೇ. ಸೇನೆ ಬಂದಾಗ ಊರು ಖಾಲಿ, ಓಡಲಾರದ ಹಣ್ಣುಹಣ್ಣು ಮುದುಕಿಯೊಬ್ಬಳು ಮಾತ್ರ ಉಳಿದಿದ್ದಳು. ಸಲಿವನ್ ಅವಳಿಗೆ ಒಂದು ಗುಡಿಸಲು, ಒಂದಿಷ್ಟು ಆಹಾರ ಬಿಟ್ಟು, ಸುತ್ತಲಿನ ಮನೆಗಳನ್ನೆಲ್ಲ ಸುಡಿಸಿ ಮುಂದೆ ಹೋದ. ತಿರುಗಿ ಬರುವಾಗಲೂ ಅವಳು ಅಲ್ಲೇ ಇದ್ದಳು. ಇದನ್ನು ದಯೆ ಅನ್ನಬೇಕೋ ಏನನ್ನಬೇಕೋ ನನಗೆ ತಿಳಿಯಲಿಲ್ಲ. ನಿಮಗೇನನ್ನಿಸುತ್ತದೆ?

ಸೆನೆಕಾ ಸರೋವರದ ಉತ್ತರ ತುದಿಯಲ್ಲಿ ಜಿನೀವಾ. ಹಳೆಯ ಹೆಸರು ಕನಡಸೇಗಾ. (ನಮ್ಮವಳಿಗೆ ಆ ಹೆಸರಲ್ಲಿ 'ಕನ್ನಡ' ಕೇಳಿಸಿತು. ಸಂಬಂಧ ಏನೂ ಇಲ್ಲ ಮಾರಾಯ್ತಿ ಅಂದೆ!) ಅಲ್ಲಿ ಸೇಬು, ಪೀಚ್ ಹಣ್ಣಿನ ತೋಟಗಳಿದ್ದವು. ಸೈನಿಕರು ಮರಗಳನ್ನು ಕಡಿದರು, ಇಲ್ಲವೆ ಬುಡದ ತೊಗಟೆಯನ್ನು ಸುತ್ತಲೂ ಕೆತ್ತಿ ಸಾಯಲು ಬಿಟ್ಟರು. ಇವತ್ತು ಅದೇ ಜಿನೀವಾದಲ್ಲಿ ಅಮೆರಿಕ ಸರಕಾರ ಸಾವಿರಾರು ಬಗೆಯ ಸೇಬಿನ ಮರಗಳನ್ನು ತಳಿ ಉಳಿಸಲೆಂದು ಸಾಕಿಟ್ಟಿದೆ.

ಬೆಂಕಿಗಿಂತ ಹೆಚ್ಚು ಕೊಂದದ್ದು ಮುಂದಿನ ಚಳಿಗಾಲ. ಮನೆಯಿಲ್ಲ, ಕಣಜದಲ್ಲಿ ಕಾಳಿಲ್ಲ. ಐದು ಸಾವಿರದಷ್ಟು ಜನ ನಯಾಗರಾದ ಬ್ರಿಟಿಷ್ ಕೋಟೆಯ ಹೊರಗೆ ಬೀಡುಬಿಟ್ಟರು. 1779-80ರ ಚಳಿ ನ್ಯೂಯಾರ್ಕ್ ಬಂದರೇ ಹೆಪ್ಪುಗಟ್ಟಿದಂಥದ್ದು. ಹಸಿವು, ಶೀತ, ರೋಗದಿಂದ ನೂರಾರು ಜನ ಸತ್ತರು. ವಾಷಿಂಗ್ಟನ್ನನಿಗೆ ಅವರ ಭಾಷೆಯಲ್ಲಿ ಇರುವ ಹೆಸರಿನ ಅರ್ಥ 'ಊರು ಹಾಳುಮಾಡುವವ'. 1790ರಲ್ಲಿ ಕಾರ್ನ್‌ಪ್ಲಾಂಟರ್ ಎಂಬ ಸೆನೆಕಾ ಮುಖಂಡ ಅಧ್ಯಕ್ಷನಾಗಿದ್ದ ವಾಷಿಂಗ್ಟನ್ನನ ಎದುರೇ ಇದನ್ನು ಹೇಳಿದ: ಈ ಹೆಸರು ಕೇಳಿದರೆ ಇವತ್ತಿಗೂ ನಮ್ಮ ಹೆಂಗಸರು ಬಿಳಿಚಿಕೊಂಡು ಹಿಂದೆ ತಿರುಗಿ ನೋಡುತ್ತಾರೆ, ಮಕ್ಕಳು ತಾಯಿಯ ಕೊರಳಿಗೆ ಜೋತುಬೀಳುತ್ತಾರೆ ಅಂತ.

ಈಗ ಊರ ಹೆಸರುಗಳ ವಿಚಾರ. ಯುದ್ಧ ಮುಗಿದ ಮೇಲೆ ನ್ಯೂಯಾರ್ಕ್ ರಾಜ್ಯ ತನ್ನ ಸೈನಿಕರಿಗೆ ಸಂಬಳದ ಬದಲು ನೆಲ ಕೊಟ್ಟಿತು, ಸಾಮಾನ್ಯ ಸಿಪಾಯಿಗೆ 600 ಎಕರೆ. 28 ತಾಲೂಕುಗಳನ್ನು ಗೆರೆ ಎಳೆದು ಅಳೆದರು. ಹೆಸರು ಬೇಕಲ್ಲ? ಭೂಮಾಪನ ಕಚೇರಿಯ ಗುಮಾಸ್ತ ರಾಬರ್ಟ್ ಹಾರ್ಪರ್ ತಾನು ಓದಿದ ಗ್ರೀಕ್-ರೋಮನ್ ಪುಸ್ತಕಗಳಿಂದ ಇಟ್ಟ ಎನ್ನುತ್ತಾರೆ. ಓವಿಡ್, ರೋಮುಲಸ್, ಹೋಮರ್, ವರ್ಜಿಲ್, ಸಿಸೆರೋ, ಯೂಲಿಸಿಸ್. ಯೂಲಿಸಿಸ್ ಇದ್ದ ಮೇಲೆ ಅವನ ಊರು ಇಥಾಕಾ ಇರಬೇಡವೇ, ಅದೂ ಬಂತು. ಅನೇಕ ಸಿಪಾಯಿಗಳು ತಮ್ಮ ಪಾಲನ್ನು ನೋಡದೆಯೇ ದಲ್ಲಾಳಿಗಳಿಗೆ ಪುಡಿಗಾಸಿಗೆ ಮಾರಿದರು. ಹೀಗೆ ನೆಲದ ಮೇಲಿನ ಹೆಸರು ಬದಲಾಯಿತು, ನೀರಿನ ಹೆಸರು ಮಾತ್ರ ಉಳಿಯಿತು: ಸೆನೆಕಾ, ಕಯೂಗಾ, ಕೆನನ್‌ಡೇಗ್ವಾ, ಒವಾಸ್ಕೊ. ಮಹಾರಾಷ್ಟ್ರದ ಊರ ಹೆಸರುಗಳಲ್ಲಿ ಅಡಗಿದ ಕನ್ನಡವನ್ನು ಹುಡುಕುತ್ತಾ ಶಂ.ಬಾ. ಜೋಶಿಯವರು 'ಕಣ್ಮರೆಯಾದ ಕನ್ನಡ' ಬರೆದದ್ದು ನೆನಪಿರುವ ನಮ್ಮಂಥವರು ಇಂಥ ಹೆಸರನ್ನು ಸುಮ್ಮನೆ ಓದಿ ಮುಂದೆ ಹೋಗಲಾರೆವು. ಅಂದಹಾಗೆ ನಮ್ಮ ಮುಂದೆ ಹೋಗುತ್ತಿದ್ದ ಒಂದು ಆರ್‌ವಿಯ ಬೆನ್ನ ಮೇಲೆ ವಿನೆಬಾಗೋ ಅಂತ ಇತ್ತು. ಅಯೋವಾದ ವಿನೆಬಾಗೋ ಜಿಲ್ಲೆಯಲ್ಲಿ ಹುಟ್ಟಿದ ಕಂಪನಿ. ವಿನೆಬಾಗೋ ಎಂದರೆ ಹೋ-ಚಂಕ್ ಜನರಿಗೆ ಬೇರೆಯವರು ಇಟ್ಟ ಹೆಸರು. ಹತ್ತೊಂಬತ್ತನೇ ಶತಮಾನದಲ್ಲಿ ಅವರನ್ನು ವಿಸ್ಕಾನ್ಸಿನ್‌ನಿಂದ ಎಬ್ಬಿಸಿ ಒಂದರ ನಂತರ ಒಂದು ಸೀಮೆಗೆ ಅಟ್ಟಿದ್ದರು. ತಿರುಗಾಟದ ಗಾಡಿಗೆ ಆ ಹೆಸರು!

ಸೆನೆಕಾ ಫಾಲ್ಸ್‌ಗೆ ಹೋದದ್ದು ಮಗಳ ಹಟಕ್ಕೆ. 1848ರ ಜುಲೈ 19, 20ರಂದು ಇಲ್ಲಿನ ವೆಸ್ಲಿಯನ್ ಪ್ರಾರ್ಥನಾಮಂದಿರದಲ್ಲಿ ಎಲಿಜಬೆತ್ ಕೇಡಿ ಸ್ಟಾಂಟನ್, ಲುಕ್ರೀಷಿಯಾ ಮಾಟ್ ಮೊದಲಾದವರು ಹೆಂಗಸರ ಹಕ್ಕಿಗಾಗಿ ಸಭೆ ಸೇರಿಸಿದರು. 68 ಹೆಂಗಸರು, 32 ಗಂಡಸರು ಘೋಷಣೆಗೆ ಸಹಿ ಹಾಕಿದರು. ಆ ಕಟ್ಟಡ ಮುಂದೆ ಕಾರಿನ ಅಂಗಡಿ, ಬಟ್ಟೆ ಒಗೆಯುವ ಅಂಗಡಿ ಎಲ್ಲ ಆಗಿ, 1980ರಲ್ಲಿ ರಾಷ್ಟ್ರೀಯ ಸ್ಮಾರಕದ ಭಾಗವಾಯಿತು. ಆ ಸಭೆಗೆ ಬರುವ ಮೊದಲು ಅದೇ ಬೇಸಗೆಯಲ್ಲಿ ಲುಕ್ರೀಷಿಯಾ ಮಾಟ್ ಪಶ್ಚಿಮದ ಕ್ಯಾಟರಾಗಸ್‌ನಲ್ಲಿ ಸೆನೆಕಾ ಜನರ ಜತೆ ಇದ್ದು ಬಂದಿದ್ದರು. ಹೋಡೆನೊಶೋನಿಗಳಲ್ಲಿ ಮನೆ, ಹೊಲ ಹೆಂಗಸರದ್ದು. ಮಕ್ಕಳು ತಾಯಿಯ ಕುಲಕ್ಕೆ ಸೇರುತ್ತಾರೆ. ಮುಖಂಡನನ್ನು ಆರಿಸುವವಳೂ, ಸರಿಯಿಲ್ಲದಿದ್ದರೆ ಇಳಿಸುವವಳೂ ಕುಲದ ಹಿರಿಯಮ್ಮ. ಅಳಿಯಕಟ್ಟಿನ ಮನೆಗಳಲ್ಲಿ ಬೆಳೆದ ನಮ್ಮ ಮುಂಬೈ ತುಳುವರಿಗೆ ಅರ್ಧ ಪರಿಚಿತ ಲೋಕ ಇದು. ನ್ಯೂಯಾರ್ಕಿನ ಬಿಳಿ ಹೆಂಡತಿಗೆ ತನ್ನ ತವರಿನ ಆಸ್ತಿ ತನ್ನದೇ ಅನ್ನಲು ಕಾನೂನು ಬಂದದ್ದು 1848ರ ಏಪ್ರಿಲ್‌ನಲ್ಲಷ್ಟೇ. ಸೆನೆಕಾ ಹೆಂಗಸರ ಕೈಯಲ್ಲಿ ಮೊದಲೇ ಇದ್ದದ್ದನ್ನು, ಅವರನ್ನು ಓಡಿಸಿದ ನೆಲದಲ್ಲಿ ನಿಂತು, ಅವರ ಹೆಸರು ಹೊತ್ತ ಊರಿನಲ್ಲಿ ಇವರು ಕೇಳಬೇಕಾಯಿತು. ಇದು ನನ್ನ ಮಾತಲ್ಲ ಅನ್ನಬೇಡಿ, ನನ್ನದೇ. ಆದರೆ ಆ ಚಳವಳಿಯ ಮಟಿಲ್ಡಾ ಜಾಸ್ಲಿನ್ ಗೇಜ್ ಆಗಲೇ ಇರೋಕ್ವಾ ಹೆಂಗಸರ ಸ್ಥಾನಮಾನದ ಬಗ್ಗೆ ಬರೆದಿದ್ದರು.

ಹತ್ತಿರದ ಆಬರ್ನ್‌ನಲ್ಲಿ ಹ್ಯಾರಿಯೆಟ್ ಟಬ್ಮನ್ ಸಮಾಧಿ ನೋಡಿದೆವು. ಗುಲಾಮಗಿರಿಯಿಂದ ತಾನು ತಪ್ಪಿಸಿಕೊಂಡು, ಮತ್ತೆ ಮತ್ತೆ ಹಿಂದೆ ಹೋಗಿ ಇತರರನ್ನು ಬಿಡಿಸಿ ತಂದ ಧೀರೆ. 1859ರಲ್ಲಿ ವಿಲಿಯಂ ಸೂವರ್ಡ್ ಅವರಿಂದ ಇಲ್ಲಿ ಜಾಗ ಕೊಂಡರು, 1913ರಲ್ಲಿ ತೀರಿಕೊಂಡರು. ಅವರ ಬಗ್ಗೆ ಬೇರೆಯೇ ಬರೆಯಬೇಕು.

ಕೆನನ್‌ಡೇಗ್ವಾ ಊರಿನ ಕೋರ್ಟಿನ ಅಂಗಳದಲ್ಲಿ ಒಂದು ಬಂಡೆಯಿದೆ. 1794ರ ನವೆಂಬರ್ 11ರಂದು ಅಮೆರಿಕ ಸರಕಾರ ಈ ಊರಿನಲ್ಲಿ ಆರು ಜನಾಂಗಗಳ ಜತೆ ಒಪ್ಪಂದ ಮಾಡಿಕೊಂಡು, ಅವರ ಉಳಿದ ನೆಲ ಅವರದ್ದೇ ಎಂದು ಒಪ್ಪಿತು. ವರ್ಷಕ್ಕಿಷ್ಟು ಬಟ್ಟೆ ಇತ್ಯಾದಿ ಕೊಡುವ ಮಾತಾಯಿತು. ಬಟ್ಟೆ ಇವತ್ತಿಗೂ ಬರುತ್ತದೆ! ಹಣ ತೆಗೆದುಕೊಳ್ಳಿ ಅಂದರೆ ಅವರು ಒಪ್ಪುವುದಿಲ್ಲ, ಬಟ್ಟೆಯೇ ಬೇಕು. ಬಟ್ಟೆ ಬರುವವರೆಗೆ ಒಪ್ಪಂದ ಜೀವಂತ ಅನ್ನುವ ಲೆಕ್ಕ. ಪ್ರತಿ ನವೆಂಬರ್ 11ರಂದು ಅಲ್ಲಿ ಸೇರುತ್ತಾರೆ.

ಕಯೂಗಾ ಜನರ ಪಾಲಿಗೆ ಆ ಒಪ್ಪಂದ ಅಷ್ಟು ಗಟ್ಟಿಯಾಗಲಿಲ್ಲ. ಸರೋವರದ ಉತ್ತರದ ತುದಿಯಲ್ಲಿ ಅವರಿಗೆಂದು ಬಿಟ್ಟಿದ್ದ 64,000 ಎಕರೆಯನ್ನು ನ್ಯೂಯಾರ್ಕ್ ರಾಜ್ಯ 1795 ಮತ್ತು 1807ರಲ್ಲಿ ಕೊಂಡುಬಿಟ್ಟಿತು, ಕೇಂದ್ರದ ಒಪ್ಪಿಗೆಯಿಲ್ಲದೆ. ಕಯೂಗಾದವರು 1980ರಲ್ಲಿ ದಾವೆ ಹೂಡಿದರು. 2001ರಲ್ಲಿ ಸುಮಾರು 24.8 ಕೋಟಿ ಡಾಲರ್ ಕೊಡಬೇಕೆಂದು ತೀರ್ಪಾಯಿತು. 2005ರಲ್ಲಿ ಮೇಲಿನ ಕೋರ್ಟು, ಬಹಳ ತಡವಾಯಿತು ಎಂಬ ಕಾರಣಕ್ಕೆ ಅದನ್ನು ಹೊಡೆದುಹಾಕಿತು. 2006ರಲ್ಲಿ ಸುಪ್ರೀಂ ಕೋರ್ಟು ಕೇಳಲೇ ಒಪ್ಪಲಿಲ್ಲ.

ಕೊನೆಯ ರಾತ್ರಿ ಕಯೂಗಾದ ಪೂರ್ವ ದಡದಲ್ಲಿ ಗಾಡಿ ನಿಲ್ಲಿಸಿದೆವು. ಅದೇ ದಡದ ಅರೋರಾದಲ್ಲಿ ಚೊನೊಡೋಟ್ ಎಂಬ ಊರಿತ್ತು, ಸೈನಿಕರು ಪೀಚ್ ಊರು ಅಂತ ಕರೆದರು. 1779ರ ಸೆಪ್ಟೆಂಬರ್ 24ರಂದು ಅಲ್ಲಿ 1,500 ಪೀಚ್ ಮರಗಳನ್ನು ಕಡಿದರೆಂದು ಲೆಕ್ಕ. ಉತ್ತರಕ್ಕೆ ಸ್ವಲ್ಪ ದೂರದ ಯೂನಿಯನ್ ಸ್ಪ್ರಿಂಗ್ಸ್ ಬಳಿ 70 ಎಕರೆಯ ಒಂದು ಹೊಲವಿದೆ. ಮೊಕದ್ದಮೆ ನಡೆಯುತ್ತಿದ್ದ ವರ್ಷಗಳಲ್ಲಿ ಕೆಲವು ಸ್ಥಳೀಯ ಬಿಳಿಯರು ಸೇರಿ ಅದನ್ನು ಕೊಂಡು, 2005ರಲ್ಲಿ ಕಯೂಗಾ ಜನರಿಗೆ ವಾಪಸು ಕೊಟ್ಟರು. ಬೆಳಿಗ್ಗೆ ಆ ಕಡೆಯಿಂದಲೇ ಹೋಗೋಣ ಅಂದೆ. "ಅಪ್ಪ, ಮತ್ತೆ ಬೋರ್ಡ್ ಓದಲಿಕ್ಕಾ?" ಅಂತ ಮಗಳು ಕೇಳಿದಳು. ಇಲ್ಲ, ಹೊಲ ನೋಡಲಿಕ್ಕೆ ಅಂದೆ.